ನಾಲ್ಕು ಡಬ್ಬಿ ಪೆಲೆಟ್, ಒಂದು ಹಳೇ ಪಿಸ್ತೂಲು

ನನ್ನ ಹತ್ತಿರ ಇರುವುದು ಫೈನ್‌ವರ್ಕ್‌ಬೌ 65. ಜರ್ಮನಿಯ ಹಳೇ ಏರ್ ಪಿಸ್ತೂಲು, ಅಂದರೆ ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಹೊಡೆಯುವಂಥದ್ದು. ಶೂಟಿಂಗ್ ಬಿಟ್ಟ ಹಿರಿಯರೊಬ್ಬರು ಕೊಟ್ಟಿದ್ದು. ಹಿಡಿಯ ಮರ ಅವರ ಅಂಗೈಗೆ ತಕ್ಕ ಹಾಗೆ ಸವೆದಿದೆ. ನನ್ನ ಹೆಬ್ಬೆರಳು ಇನ್ನೂ ಅಲ್ಲಿ ಸರಿಯಾಗಿ ಕೂರುವುದಿಲ್ಲ.

ಪಿಸ್ತೂಲು ಅಂದ ಕೂಡಲೇ ಗೆಳೆಯರು ಕೇಳುವುದು ಒಂದೇ: ‘ನೀನೂ ಮನೇಲೇ ಗುಂಡು ತುಂಬ್ತೀಯಾ?’ ಅಮೆರಿಕದಲ್ಲಿ ಹಳೇ ಮಿಲಿಟರಿ ಪಿಸ್ತೂಲು ಇಟ್ಟುಕೊಂಡವರು ಖಾಲಿ ಕಾಟ್ರಿಜ್ ಆರಿಸಿ ತಂದು, ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. ಆ ವಿಡಿಯೊಗಳನ್ನು ನೋಡಿದವರ ಪ್ರಶ್ನೆ ಇದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸಿದರೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. .177 ಬೋರಿನ, ಅಂದರೆ ನಳಿಗೆಯ ಒಳಗಲ .177 ಇಂಚು (4.5 ಮಿ.ಮೀ.) ಇರುವ ಏರ್ ಪಿಸ್ತೂಲಿನ ಏಟಿನ ಶಕ್ತಿ 20 ಜೌಲ್ ಒಳಗಿದ್ದರೆ ಲೈಸೆನ್ಸ್ ಬೇಡ. ನನ್ನದು ಲೆಕ್ಕ ಹಾಕಿದರೆ 5 ಜೌಲ್ ಆಸುಪಾಸು. ಮಿಲಿಟರಿ ನಂಟು ಬೇಕೇ ಬೇಕು ಅನ್ನುವವರಿಗೆ ಒಂದು ಸಮಾಧಾನ ಇದೆ. ಫೈನ್‌ವರ್ಕ್‌ಬೌ ಊರು ಓಬರ್ನ್‌ಡಾರ್ಫ್. ಹೆಸರಾಂತ ಮಿಲಿಟರಿ ಪಿಸ್ತೂಲು ಮೌಸರ್ ಸಿ96 ಹುಟ್ಟಿದ್ದೂ ಅಲ್ಲೇ. ಮೌಸರ್‌ನಲ್ಲಿದ್ದ ಇಬ್ಬರು ಎಂಜಿನಿಯರುಗಳು ಎರಡನೇ ಮಹಾಯುದ್ಧದ ನಂತರ ಕಟ್ಟಿದ ಕಂಪನಿಯೇ ಫೈನ್‌ವರ್ಕ್‌ಬೌ.

ನನ್ನದು ಗಾಳಿಯ ಪಿಸ್ತೂಲು. ಹಾಗಾಗಿ ನನ್ನ ತಲೆನೋವು ಮದ್ದಿನದ್ದಲ್ಲ, ಪೆಲೆಟ್ ಅನ್ನುವ ಸೀಸದ ಪುಟ್ಟ ಗುಂಡಿನದ್ದು. ಯಾವುದು ಕೊಳ್ಳಬೇಕು? ಶೂಟಿಂಗ್ ರೇಂಜಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ ನಾಲ್ಕು ಡಬ್ಬಿ ಇಟ್ಟುಕೊಂಡು ಕೂತೆ. ಜರ್ಮನಿಯ ಆರ್‌ಡಬ್ಲ್ಯುಎಸ್ ಬ್ರ್ಯಾಂಡಿನ ಆರ್10, ಪಿಸ್ತೂಲಿಗೆಂದೇ ಮಾಡಿದ 0.45 ಗ್ರಾಮಿನದು. ಜರ್ಮನಿಯದೇ ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ಲೈಟ್, 0.51 ಗ್ರಾಂ, ಅದರಲ್ಲಿ ಎರಡು ಡಬ್ಬಿ: ತಲೆಯ ಅಳತೆ ಒಂದರದು 4.49 ಮಿ.ಮೀ., ಇನ್ನೊಂದರದು 4.50. ನಾಲ್ಕನೆಯದು ಇಲ್ಲೇ ಸಿಗುವ ದೇಶಿ ಪೆಲೆಟ್. ಹೆಸರು ಬೇಡ ಬಿಡಿ. ಒಂದು ಜರ್ಮನ್ ಡಬ್ಬಿಗೆ ನಾನು ಕೊಟ್ಟ ದುಡ್ಡಿಗೆ ಅದರಲ್ಲಿ ನಾಲ್ಕು ಬರುತ್ತಿತ್ತು.

ಪೆಲೆಟ್ ನೋಡದವರಿಗೆ ಹೇಳುತ್ತೇನೆ. ಸೀಸದ ಪುಟ್ಟ ಡಮರುಗ ಅಂದುಕೊಳ್ಳಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ಗಾಳಿ ಒತ್ತಿದಾಗ ಲಂಗ ಅರಳಿ ಬ್ಯಾರಲ್ಲಿನ ಗೋಡೆಗೆ ಅಂಟಿಕೊಳ್ಳುತ್ತದೆ. ತಲೆ ಚಪ್ಪಟೆ ಇರುವುದರಿಂದ ಗುರಿಯ ಕಾರ್ಡಿನಲ್ಲಿ ಪಂಚಿಂಗ್ ಮೆಷಿನ್ ಒತ್ತಿದ ಹಾಗೆ ದುಂಡನೆ ತೂತು ಬೀಳುತ್ತದೆ. ಅಂಕ ಎಣಿಸಲು ಅದೇ ಬೇಕು. 10 ಮೀಟರ್ ಪಿಸ್ತೂಲ್ ಕಾರ್ಡಿನಲ್ಲಿ ಹತ್ತರ ವೃತ್ತ, ಅಂದರೆ ಹತ್ತು ಅಂಕ ಕೊಡುವ ನಡುವಿನ ವೃತ್ತ, ಬರೀ 11.5 ಮಿ.ಮೀ. ಅಗಲ. ಗೆರೆಗೆ ತಾಗಿದರೂ ಸಾಕು, ಅಂಕ ಸಿಗುತ್ತದೆ.

ಮೊದಲು ತೂಕ ನೋಡೋಣ ಅನಿಸಿತು. ನಗರ್ತಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುವ ಪರಿಚಯದವರೊಬ್ಬರಿದ್ದಾರೆ. ಅವರ ತಕ್ಕಡಿ ಒಂದು ಮಿಲಿಗ್ರಾಂವರೆಗೂ ತೋರಿಸುತ್ತದೆ. ಗಾಳಿ ತಾಗದ ಹಾಗೆ ಸುತ್ತ ಗಾಜು. ಚಿಮುಟದಲ್ಲಿ ಒಂದೊಂದೇ ಎತ್ತಿ ಇಟ್ಟೆ. ಆರ್10ರಲ್ಲಿ ಇಪ್ಪತ್ತು ತೂಗಿದೆ. ಕೊನೆಯ ಅಂಕಿ ಅಷ್ಟೇ ಸ್ವಲ್ಪ ಆಚೀಚೆ ಆಗುತ್ತಿತ್ತು. ಫಿನಾಲೆ ಕೂಡ ಹಾಗೇ. ದೇಶಿ ಪೆಲೆಟ್ ಇಟ್ಟಾಗ ಅಂಕಿಗಳು ಕುಣಿಯತೊಡಗಿದವು. ಒಂದು 0.47, ಪಕ್ಕದ್ದು 0.54. ‘ಸಾರ್, ಇಷ್ಟು ವ್ಯತ್ಯಾಸಕ್ಕೆ ನಮ್ ಗಿರಾಕಿಗಳು ಜಗಳಕ್ಕೇ ಬರ್ತಾರೆ’ ಅಂದರು ಅವರು.

ಆಮೇಲೆ ಗುರಿ. ನನ್ನ ಕೈ ನಡುಗುವುದನ್ನು ಲೆಕ್ಕದಿಂದ ತೆಗೆಯಬೇಕಿತ್ತು. ಮಲ್ಲೇಶ್ವರದ ನಮ್ಮ ಹಳೇ ಮನೆಯಲ್ಲಿ ಪಡಸಾಲೆಯಿಂದ ಹಿತ್ತಲ ಗೋಡೆಗೆ ಸರಿಯಾಗಿ 33 ಅಡಿ, ಅಂದರೆ ಸುಮಾರು ಹತ್ತು ಮೀಟರ್. ಹಿತ್ತಲ ಬಾಗಿಲಿಗೆ ಬೀಗ ಹಾಕಿ ಬೀಗದಕೈ ಜೇಬಿಗೆ ಹಾಕಿಕೊಂಡೆ. ಗೋಡೆಗೆ ಪೆಲೆಟ್ ಟ್ರ್ಯಾಪ್, ಅಂದರೆ ಹೊಡೆದ ಪೆಲೆಟ್ ಹಿಡಿದಿಡುವ ಪೆಟ್ಟಿಗೆ, ಒರಗಿಸಿದೆ. ಕಣ್ಣಿಗೆ ಕನ್ನಡಕ. ಮೇಜಿಗೆ ಬಡಗಿಯ ವೈಸ್ ಕೂರಿಸಿ, ಹಿಡಿಗೆ ಹಳೇ ಟವೆಲ್ ಸುತ್ತಿ ಕಚ್ಚಿಸಿದೆ. ಹಿಡಿಯನ್ನು ಮಾತ್ರ. ಈ ಪಿಸ್ತೂಲಿನ ವಿಶೇಷ ಇರುವುದೇ ಅಲ್ಲಿ: ಹೊಡೆದಾಗ ಬ್ಯಾರಲ್ ಸಮೇತ ಮೇಲಿನ ಭಾಗವೆಲ್ಲ ಹಳಿ ಮೇಲೆ ಹಿಂದಕ್ಕೆ ಜಾರುತ್ತದೆ. ಒಳಗಿನ ಸ್ಪ್ರಿಂಗಿನ ಒದೆತ ಕೈಗೆ ಬರುವುದೇ ಇಲ್ಲ. ಅದನ್ನು ಕಟ್ಟಿಹಾಕಿದರೆ ಪರೀಕ್ಷೆಗೆ ಅರ್ಥ ಇಲ್ಲ.

ಒಂದೊಂದು ಪೆಲೆಟ್‌ಗೂ ಐದು ಕಾರ್ಡ್, ಕಾರ್ಡಿಗೆ ಐದು ಏಟು. ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ವರ್ನಿಯರ್‌ನಲ್ಲಿ ಅಳೆದೆ. ಫಿನಾಲೆ 4.50 ಸರಾಸರಿ 5 ಮಿ.ಮೀ. ಐದೂ ಸೇರಿ ಒಂದು ಹೂವಿನಂಥ ತೂತು. ಆರ್10 ಆರು. ಫಿನಾಲೆ 4.49 ಎಂಟು.

ಇದು ನನಗೆ ಆಶ್ಚರ್ಯ. ಒಂದೇ ಕಾರ್ಖಾನೆ, ಒಂದೇ ತೂಕ. ತಲೆಯಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ವ್ಯತ್ಯಾಸ. ಲೋಡ್ ಮಾಡುವಾಗಲೇ ಬೆರಳಿಗೆ ಗೊತ್ತಾಗುತ್ತಿತ್ತು. 4.50 ಸ್ವಲ್ಪ ತಡೆದು ಒಳಗೆ ಹೋಗುತ್ತಿತ್ತು. 4.49 ಸುಮ್ನೆ ಜಾರಿ ಬೀಳುತ್ತಿತ್ತು. ತಪ್ಪು ಪೆಲೆಟ್‌ನದ್ದಲ್ಲ, ನನ್ನ ಬ್ಯಾರಲ್ ಆ ಅಳತೆಯದ್ದಲ್ಲ. ಇನ್ನೊಬ್ಬರ 65ರಲ್ಲಿ ಉಲ್ಟಾ ಆಗಬಹುದು.

ದೇಶಿ ಪೆಲೆಟ್ 14 ಮಿ.ಮೀ. ಹತ್ತರ ವೃತ್ತಕ್ಕಿಂತ ಅಗಲ. ಅಂದರೆ ಗುರಿ ನಡುವಿನಿಂದ ತುಸು ಸರಿದರೂ ಸಾಕು, ಒಂಬತ್ತು ಬರಬಹುದು.

ಬಿಡಲು ಮನಸ್ಸಾಗಲಿಲ್ಲ. ನೂರು ದೇಶಿ ಪೆಲೆಟ್ ಪೇಪರ್ ಮೇಲೆ ಸುರಿದು ಆರಿಸಿದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಲಂಗ ಸೊಟ್ಟಗಿರುವುದು ಆಚೆಗೆ, ಅಂಚಿನಲ್ಲಿ ಸೀಸದ ಎಳೆ ಅಂಟಿಕೊಂಡಿರುವುದು ಆಚೆಗೆ. ತೂಗಿ ಮತ್ತಷ್ಟು ತೆಗೆದೆ. 58 ಉಳಿದವು. ಅವುಗಳಲ್ಲಿ ತೂತುಗಳ ಅಂತರ 9 ಮಿ.ಮೀ.ಗೆ ಇಳಿಯಿತು. ಪರವಾಗಿಲ್ಲ ಅಲ್ವಾ? ಆದರೆ ಒಂದೂವರೆ ಗಂಟೆ ಹೋಯಿತು. ಕೈ ಬೆರಳೆಲ್ಲ ಕಪ್ಪು. ಹಾಗೇ ಚಕ್ಕುಲಿ ಡಬ್ಬಕ್ಕೆ ಕೈ ಹಾಕಲು ಹೋದೆ, ಹೆಂಡತಿ ಡಬ್ಬ ಕಿತ್ತುಕೊಂಡಳು. ಅವಳು ಮಾಡಿದ್ದೇ ಸರಿ. ಸೀಸ ವಿಷ, ಸೋಪು ಹಾಕಿ ತೊಳೆಯದೆ ಏನನ್ನೂ ತಿನ್ನಬಾರದು.

ಕೊನೆಗೆ ರೇಂಜಿನಲ್ಲಿ, ಕೈಯಲ್ಲಿ ಹಿಡಿದು, ಬೇರೆ ಬೇರೆ ಭಾನುವಾರ 60 ಏಟಿನ ಪೂರ್ತಿ ಪಂದ್ಯದಂತೆ ಹೊಡೆದೆ. ಫಿನಾಲೆ 4.50ರಲ್ಲಿ 600ಕ್ಕೆ 527. ಆರ್10ರಲ್ಲಿ 529. ಆರಿಸದ ದೇಶಿ ಪೆಲೆಟ್‌ನಲ್ಲಿ 514. ವೈಸ್‌ನಲ್ಲಿ ಅಷ್ಟು ದೊಡ್ಡದಾಗಿ ಕಂಡ ವ್ಯತ್ಯಾಸ ನನ್ನ ಕೈಗೆ ಬಂದಾಗ ಹದಿನೈದು ಅಂಕಕ್ಕೆ ಇಳಿದಿತ್ತು. ಆರ್10 ಎರಡು ಅಂಕ ಮುಂದೆ ಬಂದಿದ್ದಕ್ಕೆ ಅರ್ಥ ಹುಡುಕಬೇಡಿ. ಅವತ್ತು ನಿದ್ದೆ ಚೆನ್ನಾಗಿ ಆಗಿತ್ತು.

ಈಗ ನಾನು ಮಾಡುತ್ತಿರುವುದು ಇಷ್ಟು. ವಾರದ ದಿನಗಳಲ್ಲಿ, ಟ್ರಿಗರ್ ಎಳೆಯುವ ಅಭ್ಯಾಸಕ್ಕೆ, ದೇಶಿ ಪೆಲೆಟ್. ಆರಿಸುವ ಗೋಜಿಗೆ ಹೋಗುವುದಿಲ್ಲ. ಅಂಕ ಬರೆದಿಡುವ ದಿನ ಫಿನಾಲೆ 4.50. ಆರ್10 ಕೂಡ ಅಷ್ಟೇ ಚೆನ್ನಾಗಿದೆ, ಹಗುರ ಇರುವುದರಿಂದ ಬೇಗ ಹೊರಡುತ್ತದೆ ಅನಿಸುತ್ತದೆ. ಸಿಕ್ಕಿದರೆ ತರುತ್ತೇನೆ. ಮಳೆಗಾಲದಲ್ಲಿ ಡಬ್ಬಿಗೆ ತೇವ ತಾಗಿ ಪೆಲೆಟ್ ಮೇಲೆ ಬಿಳಿ ಪುಡಿ ಕೂತಿದ್ದನ್ನು ಒಮ್ಮೆ ನೋಡಿದ ಮೇಲೆ ಒಟ್ಟಿಗೆ ಜಾಸ್ತಿ ಕೊಳ್ಳುವುದಿಲ್ಲ. 4.49ರ ಡಬ್ಬಿಯಲ್ಲಿ ಇನ್ನೂ ಮುನ್ನೂರು ಚಿಲ್ಲರೆ ಉಳಿದಿವೆ. ನಿಮ್ಮ ಬ್ಯಾರಲ್ಲಿಗೆ ಹೊಂದಿದರೆ ತೆಗೆದುಕೊಂಡು ಹೋಗಿ, ಬದಲಿಗೆ ಒಂದಿಪ್ಪತ್ತು 4.51 ಕೊಡಿ.