ಬ್ರೆಡ್ ಮೇಕರ್ ಕೊಳ್ಳಬೇಕಾ? ನಾಲ್ಕು ವರ್ಷ ಬಳಸಿದ ಮೇಲೆ ಹೇಳುತ್ತಿದ್ದೇನೆ

ನಮ್ಮ ಮನೆ ಸಾಗರ ಪೇಟೆಯಿಂದ 14 ಕಿಲೋಮೀಟರ್ ಒಳಗಿದೆ. ಸುತ್ತ ಅಡಿಕೆ ತೋಟ. ಬ್ರೆಡ್ ಬೇಕೆಂದರೆ ಪೇಟೆಗೆ ಹೋದವರು ನೆನಪಿಟ್ಟು ತರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಬ್ರೆಡ್ಡಿಗೋಸ್ಕರ ಯಾರೂ ಆ ಮಳೆಯಲ್ಲಿ ಗಾಡಿ ಹೊರಗೆ ತೆಗೆಯುವುದಿಲ್ಲ.

ಆದರೂ ನಾನು ಬ್ರೆಡ್ ಮೇಕರ್ ಕೊಂಡದ್ದು ದೂರದ ಕಾರಣಕ್ಕಲ್ಲ, ಮಾವನಿಗೋಸ್ಕರ. ಅವರಿಗೆ ಬಿಪಿ ಇದೆ. 2021ರಲ್ಲಿ ಡಾಕ್ಟರು ಉಪ್ಪು ಕಡಿಮೆ ಮಾಡಲೇಬೇಕು ಎಂದರು. ಉಪ್ಪಿನಕಾಯಿ, ಹಪ್ಪಳ ಎರಡನ್ನೂ ಮಾವ ಒಂದು ಮಾತಾಡದೆ ಬಿಟ್ಟರು. ಬೇಕರಿ ತಿಂಡಿಯೂ ಬೇಡ ಎಂದಾಗ ಮಾತ್ರ ಮುಖ ಸಣ್ಣದಾಯಿತು. ಸಂಜೆ ಚಹಾದ ಜೊತೆ ಎರಡು ಸ್ಲೈಸ್ ಬ್ರೆಡ್ ಅವರಿಗೆ ಎಷ್ಟೋ ವರ್ಷದ ಅಭ್ಯಾಸ. "ಬ್ರೆಡ್ಡು ಸಪ್ಪೆ ಇರ್ತದಲ್ಲ, ಅದರಲ್ಲಿ ಎಲ್ಲಿಯ ಉಪ್ಪು?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಸಾಮಾನ್ಯ ಬ್ರೆಡ್ಡಿಗೆ ನೂರು ಗ್ರಾಂ ಹಿಟ್ಟಿಗೆ ಎರಡು ಗ್ರಾಂನಷ್ಟು ಉಪ್ಪು ಹಾಕುತ್ತಾರೆ. ನಾಲ್ಕು ಸ್ಲೈಸ್ ತಿಂದರೆ ಸುಮಾರು ಒಂದು ಗ್ರಾಂ ಒಳಗೆ ಹೋದ ಹಾಗೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ಉಪ್ಪನ್ನು ನಾವೇ ಅಳೆದು ಹಾಕುವ ಬ್ರೆಡ್ ಬೇಕು, ಅಲ್ವಾ? ಆ ಆಗಸ್ಟ್‌ನಲ್ಲಿ 8,700 ರೂಪಾಯಿ ಕೊಟ್ಟು ಯಂತ್ರ ತರಿಸಿದೆವು.

ಕೆಲವರು ಪೊಟ್ಯಾಶಿಯಂ ಬ್ರೋಮೇಟ್ ಭಯಕ್ಕೆ ಈ ಯಂತ್ರ ಕೊಳ್ಳುತ್ತಾರೆ. ಬ್ರೆಡ್ ಚೆನ್ನಾಗಿ ಉಬ್ಬಲೆಂದು ಹಿಟ್ಟಿಗೆ ಸೇರಿಸುತ್ತಿದ್ದ ರಾಸಾಯನಿಕ ಅದು, ಕ್ಯಾನ್ಸರ್ ತರಬಹುದೆಂಬ ಅನುಮಾನವಿದೆ. 2016ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಬ್ರೆಡ್ ಪರೀಕ್ಷೆ ಮಾಡಿಸಿ ಅದರ ಸುದ್ದಿ ಹೊರಗೆ ತಂದಿತ್ತು. ಅದೇ ವರ್ಷ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್ಎಸ್ಎಸ್ಎಐ, ಬ್ರೋಮೇಟ್ ಬಳಸುವ ಹಾಗಿಲ್ಲ ಎಂದು ನಿಯಮ ಮಾಡಿತು. ಹಾಗಾಗಿ ಬರೀ ಆ ಹೆದರಿಕೆಗೆ ಒಂಬತ್ತು ಸಾವಿರ ಸುರಿಯುವುದು ಬೇಡ ಎಂದೇ ನನ್ನ ಅಭಿಪ್ರಾಯ.

ಯಂತ್ರ ನೋಡಲು ದೊಡ್ಡ ರೈಸ್ ಕುಕ್ಕರ್ ಥರ. ಒಳಗೊಂದು ಪ್ಯಾನ್, ಅದರ ತಳದಲ್ಲಿ ತಿರುಗುವ ಪ್ಯಾಡಲ್, ಸುತ್ತ ಬಿಸಿಯಾಗುವ ಕಾಯಿಲ್. ಮೊದಲು ನೀರು, ಎಣ್ಣೆ. ಮೇಲೆ ಹಿಟ್ಟು. ಒಂದು ಮೂಲೆಗೆ ಉಪ್ಪು, ಇನ್ನೊಂದಕ್ಕೆ ಸಕ್ಕರೆ. ಹಿಟ್ಟಿನ ನಡುವೆ ಬೆರಳಿನಿಂದ ಗುಳಿ ಮಾಡಿ ಈಸ್ಟ್. ಬಟನ್ ಒತ್ತಿದರೆ ಮೂರು ಗಂಟೆಯಲ್ಲಿ ಬ್ರೆಡ್. ರಾತ್ರಿ ಟೈಮರ್ ಇಟ್ಟರೆ ಬೆಳಿಗ್ಗೆ ಆರಕ್ಕೆ ಮನೆಯೆಲ್ಲ ಘಮ್ ಎನ್ನುತ್ತದೆ. ಟೈಮರ್ ಇಡುವ ದಿನ ಹಾಲು, ಮೊಸರು ಹಾಕಬೇಡಿ. ರಾತ್ರಿಯಿಡೀ ಹೊರಗೇ ಇದ್ದು ಕೆಡುತ್ತವೆ. ಬದಲಿಗೆ ಹಾಲಿನ ಪುಡಿ ಹಾಕಿ.

ಯಂತ್ರ 600 ವಾಟ್‌ನದು. ಆದರೆ ಕಾಯಿಲ್ ಹೆಚ್ಚಾಗಿ ಕೆಲಸ ಮಾಡುವುದು ಕೊನೆಯ 50 ನಿಮಿಷ ಮಾತ್ರ. ಮೀಟರ್ ನೋಡಿ ಲೆಕ್ಕ ಹಾಕಿದೆ. ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ. ಗೃಹಜ್ಯೋತಿಯ ಮಿತಿ ದಾಟುತ್ತದೋ ಎಂದು ಕೇಳುವವರಿಗೆ ಈ ಮಾತು. ವಾರಕ್ಕೆ ಮೂರು ಬ್ರೆಡ್ ಮಾಡಿದರೂ ತಿಂಗಳಿಗೆ ಆರು ಯೂನಿಟ್ ಹತ್ತಿರ.

ನನ್ನ ಪ್ಯಾನಿನ ಒಳಗೋಡೆಯಲ್ಲಿ ಉದ್ದಕ್ಕೆ ಉಬ್ಬು ಗೆರೆಗಳಿವೆ. ಅಂದಕ್ಕೆ ಇಟ್ಟಿರಬೇಕು ಎಂದುಕೊಂಡಿದ್ದೆ. ಅದರ ಹಿಂದೆ ಒಂದು ಕತೆ ಇದೆ. 1980ರ ದಶಕದಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮನೆಗೆ ಬ್ರೆಡ್ ಯಂತ್ರ ಮಾಡಲು ಹೊರಟಿತು. ಬ್ರೆಡ್ ಸರಿಬರಲಿಲ್ಲ. ಹೊರಗೆ ಸೀದರೂ ಒಳಗೆ ಹಸಿ. ಆಗ ಇಕುಕೊ ತನಾಕ ಎಂಬ ಸಾಫ್ಟ್‌ವೇರ್ ಕೆಲಸದ ಹೆಣ್ಣುಮಗಳು ಒಸಾಕ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಹತ್ತಿರ ಹೋಗಿ ಹಿಟ್ಟು ನಾದುವುದನ್ನು ಕಲಿತರು. ಆತ ಹಿಟ್ಟನ್ನು ಬರೀ ತಿರುವುವುದಿಲ್ಲ, ಎಳೆದು ಹುರಿಗೊಳಿಸುತ್ತಾನೆ ಎಂಬುದು ಅವರ ಕಣ್ಣಿಗೆ ಬಿತ್ತು. ಆ ಎಳೆತ ಬರಲೆಂದು ಪ್ಯಾನಿನ ಒಳಗೆ ಗೆರೆಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು.

ನಾಲ್ಕು ವರ್ಷದಲ್ಲಿ ನಾನು ಕಂಡದ್ದೂ ಅದೇ. ಈ ಯಂತ್ರದ ಜೀವ ಇರುವುದು ನಾದುವುದರಲ್ಲಿ. ಬೇಯಿಸುವುದು ಎರಡನೆಯ ಮಾತು. ಚಪಾತಿ ಹಿಟ್ಟಿಗೆ 12 ನಿಮಿಷ ಸಾಕು. ಖಾರಾ ಬನ್ನಿಗೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಸಬ್ಬಸಿಗೆ ಎಲ್ಲ ಹೆಚ್ಚಿ ಹಾಕಿ ಹಿಟ್ಟು ಮಾತ್ರ ಯಂತ್ರದಲ್ಲಿ ಮಾಡುತ್ತೇನೆ. ಆಮೇಲೆ ಉಂಡೆ ಕಟ್ಟಿ ಓಟಿಜಿಯಲ್ಲಿ (ಕರೆಂಟಿನ ಚಿಕ್ಕ ಓವನ್) ಬೇಯಿಸುವುದು. ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಹೋಳಿಗೆ ಕಣಕ. ಚಿರೋಟಿ ರವೆ, ಸ್ವಲ್ಪ ಮೈದಾ, ಅರಿಶಿನ, ನೀರು ಹಾಕಿ ಒಂದು ಸುತ್ತು ನಾದಿಸಿ, ಎಣ್ಣೆ ಬಿಟ್ಟು ಇನ್ನೊಂದು ಸುತ್ತು. ಕಣಕದ ವಿಷಯದಲ್ಲಿ ನಮ್ಮ ಅತ್ತೆ ಬಹಳ ಕಟ್ಟುನಿಟ್ಟು. ಎರಡು ಬೆರಳಲ್ಲಿ ಎಳೆದು ನೋಡುತ್ತಾರೆ. ಮೊದಲ ಸಲ ಯಂತ್ರದ ಕಣಕ ಎಳೆದು ನೋಡಿ, "ಇನ್ನು ಹಬ್ಬಕ್ಕೆ ನನ್ನ ರಟ್ಟೆ ಉಳೀತು" ಎಂದರು. ಅವರಿಗೆ ಮಣಿಕಟ್ಟು ನೋವು ಹಳೆಯದು. ಆ ಒಂದು ಮಾತಿಗೇ ದುಡ್ಡು ವಸೂಲಾಯಿತು ಎನಿಸಿತು.

ಈಗ ಬ್ರೆಡ್ಡಿನ ಅಳತೆ. ಸುಮಾರು ಒಂದು ಪೌಂಡಿಗೆ ಮೈದಾ 300 ಗ್ರಾಂ, ನೀರು 185 ಮಿ.ಲೀ., ಎಣ್ಣೆ ಒಂದು ದೊಡ್ಡ ಚಮಚ, ಸಕ್ಕರೆ 10 ಗ್ರಾಂ, ಉಪ್ಪು 5 ಗ್ರಾಂ, ಇನ್‌ಸ್ಟೆಂಟ್ ಈಸ್ಟ್ 3 ಗ್ರಾಂ. ಮಾವನ ಬ್ರೆಡ್ಡಿಗೆ ಉಪ್ಪು 2 ಗ್ರಾಂ. ಇಲ್ಲಿ ನಾನು ಒಂದು ಪಾಠ ಕಲಿತೆ. ಮೊದಲ ಸಲ ಉಪ್ಪು ಇಳಿಸಿ, ಉಳಿದದ್ದೆಲ್ಲ ಹಾಗೇ ಇಟ್ಟೆ. ಬ್ರೆಡ್ ಮುಚ್ಚಳ ಮುಟ್ಟುವಷ್ಟು ಉಬ್ಬಿ, ಬೇಯುವ ಹೊತ್ತಿಗೆ ನಡುವೆ ಕುಸಿದು ಕೆರೆಯ ಹಾಗಾಯಿತು. ಉಪ್ಪು ಬರೀ ರುಚಿಗಲ್ಲ. ಅದು ಈಸ್ಟಿನ ಓಟಕ್ಕೆ ಕಡಿವಾಣ, ಹಿಟ್ಟಿಗೆ ಬಿಗಿ. ಉಪ್ಪು ಕಡಿಮೆ ಮಾಡಿದರೆ ಈಸ್ಟನ್ನೂ ಕಡಿಮೆ ಮಾಡಬೇಕು. ಈಗ 2 ಗ್ರಾಂ ಉಪ್ಪಿಗೆ 2 ಗ್ರಾಂ ಈಸ್ಟ್ ಹಾಕುತ್ತೇನೆ, ನೀರು 10 ಮಿ.ಲೀ. ಕಮ್ಮಿ. ಸಪ್ಪೆ ಅನಿಸದಿರಲಿ ಎಂದು ಒಂದು ಚಮಚ ಹುರಿದ ಎಳ್ಳು, ಕೆಲವೊಮ್ಮೆ ಸೋಂಪು. ಮಾವ ಈಗ ಪೇಟೆಯ ಬ್ರೆಡ್ ಕೊಟ್ಟರೆ ಉಪ್ಪುಪ್ಪು ಎನ್ನುತ್ತಾರೆ.

ಗೋಧಿ ಬ್ರೆಡ್ ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಗಿರಣಿ ಹಿಟ್ಟು ಚಪಾತಿಗೆ ಹೇಳಿ ಮಾಡಿಸಿದ್ದು. ನುಣ್ಣಗೆ ಅರೆದ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ. ಅದರಲ್ಲಿರುವ ಹೊಟ್ಟು ಹಿಟ್ಟಿನ ಎಳೆಗಳನ್ನು ಕಡಿಯುತ್ತದೆ. ಮೈದಾದ ಅಳತೆಯಲ್ಲೇ ನೀರು ಹಾಕಿದ ನನ್ನ ಮೊದಲ ಮೂರು ಗೋಧಿ ಬ್ರೆಡ್ ದನದ ಬಾನಿಗೆ ಹೋದವು. ಈಗ 350 ಗ್ರಾಂ ಗೋಧಿ ಹಿಟ್ಟಿಗೆ 265 ಮಿ.ಲೀ. ನೀರು, ಒಂದೂವರೆ ದೊಡ್ಡ ಚಮಚ ಗ್ಲುಟೆನ್ ಪುಡಿ ಹಾಕುತ್ತೇನೆ. ಗ್ಲುಟೆನ್ ಅಂದರೆ ಹಿಟ್ಟಿಗೆ ಎಳೆತ ಕೊಡುವ ಗೋಧಿಯ ಪ್ರೋಟೀನ್. ಅರ್ಧ ಮೈದಾ ಬೆರೆಸಿದರೆ ಗ್ಲುಟೆನ್ ಪುಡಿ ಬೇಡ. ರಾಗಿ ಹಿಟ್ಟಿನಲ್ಲಿ ಗ್ಲುಟೆನ್ನೇ ಇಲ್ಲ. ಐದರಲ್ಲಿ ಒಂದು ಪಾಲು ರಾಗಿ ಹಾಕಿದರೆ ಬಣ್ಣ, ಘಮ ಎರಡೂ ಚೆನ್ನ. ಅದಕ್ಕಿಂತ ಮುಂದೆ ಹೋದರೆ ಬ್ರೆಡ್ ಏಳುವುದಿಲ್ಲ.

ಯಾವ ಅಳತೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ, ನನ್ನದನ್ನೂ ಸೇರಿಸಿ. ಆಷಾಢದಲ್ಲಿ ನಮ್ಮಲ್ಲಿ ಡಬ್ಬಿಯೊಳಗಿನ ಹಿಟ್ಟೂ ತೇವ ಎಳೆದುಕೊಳ್ಳುತ್ತದೆ. ಆಗ ನೀರು 10ರಿಂದ 15 ಮಿ.ಲೀ. ಕಡಿಮೆ ಬೇಕು. ಯಂತ್ರ ಶುರುವಾಗಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ಹಿಟ್ಟು ಗೋಡೆ ಬಿಟ್ಟು ಒಂದೇ ಉಂಡೆಯಾಗಿ ಸುತ್ತುತ್ತಿರಬೇಕು, ಮುಟ್ಟಿದರೆ ಸ್ವಲ್ಪ ಅಂಟಿ ಬಿಡಬೇಕು. ತಳದಲ್ಲಿ ಮೆತ್ತಿಕೊಂಡಿದ್ದರೆ ಒಂದು ಚಮಚ ಹಿಟ್ಟು. ಒಣಗಿ ಬಿರುಕು ಬಿಟ್ಟಿದ್ದರೆ ಒಂದು ಚಮಚ ನೀರು. ಬೇರೆ ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಇನ್ನು ಕರೆಂಟು. ಮಲೆನಾಡಿನಲ್ಲಿ ಯಂತ್ರ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ನನ್ನ ಯಂತ್ರ ಹತ್ತು ನಿಮಿಷದವರೆಗೆ ಎಲ್ಲಿಗೆ ನಿಂತಿತ್ತೆಂದು ನೆನಪಿಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಬಂದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಮೊದಲಿನಿಂದ. ಹಿಟ್ಟು ಉಬ್ಬುವ ಹೊತ್ತಿಗೆ ಕರೆಂಟು ಹೋದರೆ ನಾನು ಕಾಯುವುದಿಲ್ಲ. ಹಿಟ್ಟನ್ನು ಎಣ್ಣೆ ಸವರಿದ ಡಬ್ಬಿಗೆ ಹಾಕಿ ಉಬ್ಬಲು ಬಿಡುತ್ತೇನೆ. ಕುಕ್ಕರಿನ ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆದು, ಹತ್ತು ನಿಮಿಷ ಬಿಸಿ ಮಾಡಿ, ಡಬ್ಬಿ ಇಳಿಸಿ ಸಣ್ಣ ಉರಿಯಲ್ಲಿ 45 ನಿಮಿಷ. ಮೇಲೆ ಕೆಂಪಾಗುವುದಿಲ್ಲ, ಕಾವಲಿಯ ಮೇಲೆ ಒಂದು ನಿಮಿಷ ಮಗುಚಿಟ್ಟರೆ ಆಯಿತು. ಇನ್ವರ್ಟರ್ ಮೇಲೆ ಯಂತ್ರ ಓಡಿಸಲು ಹೋಗಬೇಡಿ. ನಾದುವುದಕ್ಕೆ ತಡೆಯುತ್ತದೆ, ಕಾಯಿಲ್ ಹತ್ತಿಕೊಂಡ ಕೂಡಲೇ ನಮ್ಮದು ಟ್ರಿಪ್ ಆಯಿತು. ಚಳಿಗಾಲದಲ್ಲಿ ಮಾತ್ರ ಯಂತ್ರದ ಗುಣ ಗೊತ್ತಾಗುತ್ತದೆ. ಹೊರಗೆ ಇಟ್ಟ ಹಿಟ್ಟು ಮೂರು ಗಂಟೆ ಕಳೆದರೂ ಅಲುಗದ ದಿನ, ಯಂತ್ರ ತಾನೇ ಬೆಚ್ಚಗೆ ಇಟ್ಟು ಒಂದು ಗಂಟೆಯಲ್ಲಿ ಉಬ್ಬಿಸುತ್ತದೆ.

ಕೊರತೆಗಳನ್ನೂ ಹೇಳಬೇಕು. ಪ್ರತಿ ಬ್ರೆಡ್ಡಿನ ತಳದಲ್ಲಿ ಪ್ಯಾಡಲ್‌ನ ತೂತು ಇರುತ್ತದೆ. ಕೊನೆಯ ಸಲ ಉಬ್ಬುವ ಮುಂಚೆ ಕೈ ಒದ್ದೆ ಮಾಡಿ ಪ್ಯಾಡಲ್ ತೆಗೆದುಬಿಟ್ಟರೆ ಚಿಕ್ಕ ತೂತಿಗೆ ಮುಗಿಯುತ್ತದೆ. ಬ್ರೆಡ್ ಗಿಡ್ಡ ಕಂಬದ ಹಾಗೆ ನಿಲ್ಲುತ್ತದೆ, ಅಂಗಡಿಯ ಚೌಕ ಬರುವುದಿಲ್ಲ. ಒಂದು ಗಂಟೆ ಆರಿಸದೆ ಕತ್ತರಿಸಲು ಆಗುವುದಿಲ್ಲ. ಗರಗಸದ ಹಲ್ಲಿನ ಚಾಕು ಬೇಕೇ ಬೇಕು. ಕೆಡದ ಹಾಗೆ ಏನೂ ಹಾಕಿಲ್ಲವಾದ್ದರಿಂದ ಮಳೆಗಾಲದಲ್ಲಿ ಮೂರನೆಯ ದಿನಕ್ಕೆ ಬೂಸ್ಟು. ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸ್ಲೈಸ್ ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ನೇರ ಕಾವಲಿಗೆ ಹಾಕಿ.

ನನಗೆ ನಿಜವಾಗಿ ಬೇಸರ ತಂದದ್ದು ಮೂರನೆಯ ವರ್ಷ. ಪ್ಯಾನಿನ ತಳದ ಸೀಲ್ ಸವೆದು ನೀರು ಕೆಳಗೆ ಇಳಿಯತೊಡಗಿತು. ಕಂಪನಿಗೆ ಫೋನ್ ಮಾಡಿದರೆ ಸೀಲ್ ಒಂದೇ ಸಿಗುವುದಿಲ್ಲ, ಇಡೀ ಪ್ಯಾನ್ ಕೊಳ್ಳಿ ಎಂದರು. 1,900 ರೂಪಾಯಿ. ಬರಲು ಐದು ವಾರ. ಇಪ್ಪತ್ತು ರೂಪಾಯಿಯ ರಬ್ಬರಿಗೆ ಇಡೀ ಪ್ಯಾನ್ ಎಸೆಯುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕೊಳ್ಳುವ ಮುಂಚೆ ಆ ಮಾಡೆಲ್‌ನ ಪ್ಯಾನ್, ಪ್ಯಾಡಲ್ ಬೇರೆಯಾಗಿ ಮಾರಾಟಕ್ಕಿದೆಯೇ ಎಂದು ನೋಡಿಕೊಳ್ಳಿ. ಹದಿನೈದು ಪ್ರೋಗ್ರಾಂ, ಇಪ್ಪತ್ತು ಪ್ರೋಗ್ರಾಂ ಎಂಬುದಕ್ಕೆ ಬೆಲೆ ಕೊಡಬೇಡಿ. ನಾನು ಬಳಸುವುದು ನಾಲ್ಕು. ಪ್ಯಾನನ್ನು ನೀರಿನಲ್ಲಿ ಮುಳುಗಿಸಿಡಬೇಡಿ, ಸ್ಟೀಲ್ ಚಮಚ ತಾಗಿಸಬೇಡಿ.

ದುಡ್ಡಿನ ಲೆಕ್ಕ ನನ್ನ ಪುಸ್ತಕದಲ್ಲಿದೆ. ಮೊದಲ ವರ್ಷ 143 ಬ್ರೆಡ್. ಒಂದಕ್ಕೆ ಹಿಟ್ಟು, ಎಣ್ಣೆ, ಈಸ್ಟ್, ಕರೆಂಟು ಸೇರಿ ಸುಮಾರು 23 ರೂಪಾಯಿ, ಅಂಗಡಿಯದು 50. ಆ ಲೆಕ್ಕದಲ್ಲಿ ವರ್ಷಕ್ಕೆ 3,800ರ ಆಸುಪಾಸು ಉಳಿಯುತ್ತದೆ. ಹೊಸ ಪ್ಯಾನ್ ಸೇರಿಸಿದರೆ ಹಾಕಿದ ದುಡ್ಡು ವಾಪಸ್ ಬರಲು ಮೂರು ವರ್ಷ ಹತ್ತಿರ ಬೇಕಾಯಿತು. ವಾರಕ್ಕೆ ಒಂದೇ ಬ್ರೆಡ್ ಸಾಕು ಎನ್ನುವ ಮನೆಗೆ ಇದು ಎಂಟು ವರ್ಷ ಆಗುತ್ತದೆ. ಅಷ್ಟು ದಿನ ಯಂತ್ರ ಬಾಳುತ್ತದೆಂದು ನಾನು ಮಾತು ಕೊಡಲಾರೆ.

ಬೆಂಗಳೂರಿನಲ್ಲಿರುವ ನನ್ನ ತಂಗಿಗೂ ಕೊಳ್ಳುವ ಆಸೆ. ಅವಳ ಮನೆ ಕೆಳಗೇ ಅಯ್ಯಂಗಾರ್ ಬೇಕರಿ ಇದೆ. ಸಂಜೆ ನಾಲ್ಕಕ್ಕೆ ಬಿಸಿ ಬ್ರೆಡ್ ಸಿಗುತ್ತದೆ, ಅಷ್ಟು ಚೆನ್ನಾಗಿ ನನಗೂ ಬರುವುದಿಲ್ಲ. ಮನೆಯಲ್ಲಿ ಉಪ್ಪಿನ ಪಥ್ಯ ಯಾರಿಗೂ ಇಲ್ಲ. ಈಗಲೇ ಕೊಳ್ಳಬೇಡ ಎಂದೆ. ಮೊದಲು ಒಂದು ತಿಂಗಳು, ವಾರಕ್ಕೆರಡು ಸಲ ಕೈಯಲ್ಲೇ ನಾದಿ ಮಾಡಿ ನೋಡು. ತಿಂಗಳಾದ ಮೇಲೂ ಮಾಡುವ ಮನಸ್ಸಿದ್ದು, ನಾದುವುದೊಂದೇ ಕಷ್ಟ ಅನಿಸಿದರೆ ಆಗ ತಗೋ ಎಂದು ಹೇಳಿದೆ. ಎರಡು ವಾರವಾಯಿತು. ನಿನ್ನೆ ಫೋನ್ ಮಾಡಿದ್ದಳು. "ಅಕ್ಕಾ, ಮೇಲೆಲ್ಲ ಚೆಂದ ಬಂದಿದೆ, ಒಳಗೆ ಮಾತ್ರ ಅಂಟಂಟು, ಯಾಕೆ?" ಎಂದು ಕೇಳಿದಳು. ಓವನ್ನಿನಿಂದ ತೆಗೆದು ಎಷ್ಟು ಹೊತ್ತಿಗೆ ಕತ್ತರಿಸಿದೆ ಎಂದೆ. ಐದು ನಿಮಿಷವಂತೆ. ಮುಂದಿನ ಸಲ ಒಂದು ಗಂಟೆ ಕಾಯಲು ಹೇಳಿದ್ದೇನೆ.