ತಂತಿ ಮತ್ತು ಕೊಡ: ಒಂದೇ ಹೆಡ್‌ಫೋನಿನ ಮೇಲೆ ಮೂರು ಈಕ್ವಲೈಜರ್ ವಿಧಾನಗಳ ಹೋಲಿಕೆ

ನನ್ನ ಬಳಿ ಇರುವುದು ಕಿವಿಯನ್ನು ಪೂರ್ತಿ ಸುತ್ತುವರಿಯುವ, ಹಿಂಬದಿ ಮುಚ್ಚದ ಒಂದು ತಂತಿ ಹೆಡ್‌ಫೋನ್. ಅದರ ಸ್ಪಷ್ಟತೆಯ ಬಗ್ಗೆ ನನಗೆ ದೂರಿಲ್ಲ. ಆದರೆ ಕೊಂಡ ಮೊದಲ ವಾರದಲ್ಲೇ ಎರಡು ಕೊರತೆಗಳು ಕಿವಿಗೆ ಬಿದ್ದವು: ತಂಬೂರಿಯ ಮಂದ್ರ ಷಡ್ಜವೂ ಮೃದಂಗದ ಎಡಮುಖದ ಗುಮ್ಕಿಯೂ ತೂಕವಿಲ್ಲದೆ ಕೇಳುತ್ತಿದ್ದವು; ಹಾಡುವವರ ಸಕಾರ, ಶಕಾರಗಳೂ ವೀಣೆಯ ತಂತಿಗೆ ಉಗುರು ತಗಲುವ ಸದ್ದೂ ನಾದಕ್ಕಿಂತ ಮುಂದೆ ಬಂದು ನಿಲ್ಲುತ್ತಿದ್ದವು. ಮತ್ತೊಂದು ಹೆಡ್‌ಫೋನಿಗೆ ಹಣ ಹಾಕುವ ಮೊದಲು ಇದ್ದುದನ್ನೇ ತಂತ್ರಾಂಶದ ಈಕ್ವಲೈಜರ್‌ನಿಂದ, ಅಂದರೆ ಧ್ವನಿಯ ಮಂದ್ರ, ನಡು, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನದಿಂದ, ಎಷ್ಟರ ಮಟ್ಟಿಗೆ ಸರಿಪಡಿಸಬಹುದೆಂದು ನೋಡಲು, ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಸುಮಾರು ಎರಡು ತಿಂಗಳು ಮೂರು ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದೆ. ಮೊದಲನೆಯದು ಫೋನಿನ ಸಂಗೀತ ಆ್ಯಪ್‌ನಲ್ಲಿರುವ 10 ಪಟ್ಟಿಗಳ ಗ್ರಾಫಿಕ್ ಈಕ್ವಲೈಜರ್. ಎರಡನೆಯದು ಹೆಡ್‌ಫೋನಿನ ಮಾಪನದಿಂದ ಗಣಕವೇ ಲೆಕ್ಕ ಹಾಕಿ ಕೊಡುವ ಸಿದ್ಧ ತಿದ್ದುಪಡಿ. ಮೂರನೆಯದು, ತಿದ್ದುವ ಸ್ಥಾನ, ಪ್ರಮಾಣ, ಅಗಲ ಮೂರನ್ನೂ ನಾವೇ ಆರಿಸಬಹುದಾದ ಪ್ಯಾರಾಮೆಟ್ರಿಕ್ ಈಕ್ವಲೈಜರ್‌ನಲ್ಲಿ ನಾನೇ ಕಿವಿಯಿಂದ ಹುಡುಕಿ ಹೊಂದಿಸಿದ್ದು.

ಒರೆಗಲ್ಲು ಯಾವುದೆಂಬುದು ಇಂಥ ಪರೀಕ್ಷೆಯಲ್ಲಿ ಮೊದಲು ತೀರ್ಮಾನವಾಗಬೇಕು. ಧ್ವನಿಮುದ್ರಣಗಳನ್ನು ಮಾತ್ರ ಕೇಳುತ್ತ ಹೋದರೆ, ಬಾಸ್ ಹೆಚ್ಚಿದ್ದುದೆಲ್ಲ ಚೆನ್ನಾಗಿದೆ ಎಂದೇ ತೋರುತ್ತದೆ. ನಮ್ಮ ಬಡಾವಣೆಯ ವೀಣೆ ಶೇಷಣ್ಣ ಭವನದಲ್ಲಿ ಕಛೇರಿಗಳನ್ನು ಕೇಳುವ ಅವಕಾಶ ನನಗುಂಟು. ಆದರೆ ಸಭಾಂಗಣದಲ್ಲಿ ವೀಣೆಯ ನಾದವೂ ಮೈಕ್ ಮತ್ತು ಸ್ಪೀಕರುಗಳನ್ನು ದಾಟಿಯೇ ನಮ್ಮನ್ನು ತಲುಪುವುದರಿಂದ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ನಾನು ನೆಚ್ಚಿಕೊಂಡದ್ದು ಎದುರು ಮನೆಯ ವೀಣೆಯನ್ನು. ಅಲ್ಲಿ ಪಾಠ ಹೇಳುವ ಹಿರಿಯರೊಬ್ಬರ ಅನುಮತಿ ಪಡೆದು, ಅವರಿಂದ ಎರಡು ಮೀಟರ್ ದೂರದಲ್ಲಿ ಸಣ್ಣ ರೆಕಾರ್ಡರ್ ಇಟ್ಟು, ಒಂದಿಷ್ಟು ಆಲಾಪನೆಯನ್ನೂ ತಾನವನ್ನೂ ಮುದ್ರಿಸಿಕೊಂಡೆ. ಅದನ್ನು ಯಾವ ತಿದ್ದುಪಡಿಯೂ ಇಲ್ಲದೆ ಹೆಡ್‌ಫೋನಿನಲ್ಲಿ ಕೇಳಿಸಿದಾಗ ಅವರು ಹೇಳಿದ್ದು ಇಷ್ಟೇ: “ತಂತಿ ಕೇಳಿಸ್ತಿದೆ ಕಣಪ್ಪಾ, ಕೊಡ ಕೇಳಿಸ್ತಿಲ್ಲ.” ವೀಣೆಯ ನಾದವನ್ನು ತುಂಬಿಕೊಡುವ, ಹಲಸಿನ ಮರದ ಆ ಟೊಳ್ಳು ಕೊಡವನ್ನು ಮರಳಿ ಕೇಳುವಂತೆ ಮಾಡುವುದೇ ಅಂದಿನಿಂದ ನನ್ನ ಗುರಿಯಾಯಿತು.

ಎರಡು ಧ್ವನಿಗಳನ್ನು ಹೋಲಿಸುವಾಗ ಸ್ವಲ್ಪ ಜೋರಾಗಿರುವುದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಅಲ್ಲದೆ ಧ್ವನಿಯ ಮಟ್ಟ ಇಳಿದಂತೆಲ್ಲ ನಮ್ಮ ಕಿವಿ ಮಂದ್ರವನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ವಕ್ರರೇಖೆಗಳಾಗಿ ಬರೆದು ತೋರಿಸಿದ್ದಾರೆ. ಆದ್ದರಿಂದ ಪ್ರತಿ ಹೊಂದಾಣಿಕೆಯನ್ನೂ ಪಿಂಕ್ ನಾಯ್ಸ್, ಅಂದರೆ ಪ್ರತಿ ಸ್ಥಾಯಿಯಲ್ಲೂ ಸಮಾನ ಶಕ್ತಿಯಿರುವ ಭೋರ್ಗರೆತ, ಬಳಸಿ ಒಂದೇ ಮಟ್ಟಕ್ಕೆ ತಂದ ಬಳಿಕವೇ ಸಂಗೀತವನ್ನು ಹಚ್ಚುತ್ತಿದ್ದೆ. ಹೀಗೆ ಮಾಡದಿದ್ದ ಮೊದಲ ವಾರದ ಟಿಪ್ಪಣಿಗಳನ್ನೆಲ್ಲ ಬದಿಗಿಡಬೇಕಾಯಿತು.

10 ಪಟ್ಟಿಗಳ ಗ್ರಾಫಿಕ್ ಈಕ್ವಲೈಜರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಪಟ್ಟಿಗಳು ಸಾಮಾನ್ಯವಾಗಿ 31 ಹರ್ಟ್ಸ್‌ನಿಂದ 16,000 ಹರ್ಟ್ಸ್‌ವರೆಗೆ ಒಂದೊಂದು ಸ್ಥಾಯಿಯ ಅಂತರದಲ್ಲಿ ನಿಂತಿರುತ್ತವೆ. ಪುರುಷ ಗಾಯಕರೊಬ್ಬರ ಶ್ರುತಿ ಒಂದು ಕಟ್ಟೆ (ಪಾಶ್ಚಾತ್ಯ ಸಂಗೀತದ ಸಿ) ಆಗಿದ್ದರೆ ಅವರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, ಸುಮಾರು 65. ನನಗೆ ಬೇಕಾಗಿದ್ದುದು ಆ 65ರ ಆಸುಪಾಸಿನಲ್ಲಿ ತುಸು ತೂಕ. 62 ಹರ್ಟ್ಸ್‌ನ ಪಟ್ಟಿಯನ್ನು ಏರಿಸಿದರೆ ಅದರ ಇಳಿಜಾರು ಅಕ್ಕಪಕ್ಕಕ್ಕೂ ಹರಡುತ್ತದೆ. 125ರ ಪಟ್ಟಿಯನ್ನೂ ಸೇರಿಸಿದರೆ ಗಾಯಕರ ಷಡ್ಜವೇ ಬೀಗಿಕೊಂಡು ಉಳಿದ ಸ್ವರಗಳಿಗಿಂತ ದಪ್ಪಗೆ ಕೇಳುತ್ತದೆ. ಕೊಡದ ನಾದವನ್ನು ತರಲು 125 ಮತ್ತು 250ರ ಪಟ್ಟಿಗಳನ್ನು ತಲಾ 4 ಡೆಸಿಬೆಲ್ ಏರಿಸಿ ನೋಡಿದಾಗ ಬಂದದ್ದು ನಾದವಲ್ಲ, ಮಬ್ಬು. ಮೇಲ್ಗಡೆಯ ತೊಂದರೆಯೂ ಹೀಗೆಯೇ: ಉಗುರಿನ ಸದ್ದನ್ನು ತಗ್ಗಿಸಲು 8,000 ಹರ್ಟ್ಸ್‌ನ ಪಟ್ಟಿಯನ್ನು ಇಳಿಸಿದರೆ ಅದರ ಜೊತೆಗೆ ಕೊಳಲಿನ ಉಸಿರೂ ತಂಬೂರಿಯ ಜೀವಾಳದ (ಕುದುರೆಯ ಮೇಲೆ ತಂತಿಯಡಿ ಇಡುವ ನೂಲಿನ) ಮಿನುಗೂ ಹೋಗುತ್ತವೆ. ರಾಕ್, ಪಾಪ್, ಕ್ಲಾಸಿಕಲ್ ಎಂಬ ಹೆಸರಿನ ಸಿದ್ಧ ಹೊಂದಾಣಿಕೆಗಳಿಗಂತೂ ನಮ್ಮ ಹೆಡ್‌ಫೋನ್ ಯಾವುದೆಂಬುದೇ ತಿಳಿದಿರುವುದಿಲ್ಲವಾದ್ದರಿಂದ ಅವುಗಳಿಂದ ತಿದ್ದುಪಡಿಯನ್ನು ನಿರೀಕ್ಷಿಸುವಂತಿಲ್ಲ.

ಎರಡನೆಯ ವಿಧಾನ ಬೇರೆಯದೇ ಮಟ್ಟದ್ದು. ಯಾಕ್ಕೊ ಪಸನೆನ್ ಅವರ ಆಟೋಇಕ್ಯು ಎಂಬ ಮುಕ್ತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನುಗಳ ಮಾಪನಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದನ್ನೂ ಒಂದು ಗುರಿರೇಖೆಗೆ, ಅಂದರೆ ಮಂದ್ರದಿಂದ ಮೇಲಿನವರೆಗೆ ಯಾವ ಭಾಗ ಎಷ್ಟು ಜೋರಾಗಿ ಕೇಳಬೇಕೆಂಬ ಮಾದರಿಗೆ, ಹೊಂದಿಸುವ ತಿದ್ದುಪಡಿಯನ್ನು ಲೆಕ್ಕ ಹಾಕಿ ಇಡಲಾಗಿದೆ. ಹೆಚ್ಚಾಗಿ ಬಳಕೆಯಲ್ಲಿರುವುದು ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮೊದಲಾದವರು ಕೇಳುಗರ ಆಯ್ಕೆಗಳನ್ನು ಅಧ್ಯಯನ ಮಾಡಿ ರೂಪಿಸಿದ ಗುರಿರೇಖೆ; ಕಿವಿಯ ಸುತ್ತ ಕೂರುವ ಹೆಡ್‌ಫೋನುಗಳಿಗೆ ಅದರ 2018ರ ಆವೃತ್ತಿ ರೂಢಿಯಲ್ಲಿದೆ. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರುಗಳು ಕೇಳುವಂತೆ ಹೆಡ್‌ಫೋನೂ ಕೇಳಬೇಕೆಂಬುದು ಅದರ ಹಿಂದಿನ ವಿಚಾರ.

ಈ ತಿದ್ದುಪಡಿಯನ್ನು ಎರಡು ಕಡೆ ಹಾಕಿ ಕೇಳಿದೆ. ಆಂಡ್ರಾಯ್ಡ್ ಫೋನಿನಲ್ಲಿ ವೇವ್‌ಲೆಟ್ ಆ್ಯಪ್. ಅದರಲ್ಲಿ ಹೆಡ್‌ಫೋನಿನ ಹೆಸರನ್ನು ಹುಡುಕಿ ಆರಿಸಿದರೆ ಕೆಲಸ ಮುಗಿಯಿತು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶ. ಅದು ಒಂದು ಪಠ್ಯ ಕಡತದಲ್ಲಿ ಬರೆದ ಸಾಲುಗಳನ್ನು ಓದಿ ಇಡೀ ಗಣಕದ ಧ್ವನಿಗೆ ಅನ್ವಯಿಸುತ್ತದೆ. ಸುಲಭದಲ್ಲಿ ವೇವ್‌ಲೆಟ್ ಮುಂದು. ಆದರೆ ಬಂದ ತಿದ್ದುಪಡಿಯನ್ನು ನಮಗೆ ಬೇಕಾದಂತೆ ಬದಲಿಸಲು ಹೊರಟರೆ ಅದರಲ್ಲಿ ಸಿಗುವುದು 9 ಪಟ್ಟಿಗಳ ಗ್ರಾಫಿಕ್ ಈಕ್ವಲೈಜರ್, ಮತ್ತು ಮೇಲೆ ಹೇಳಿದ ತೊಡಕುಗಳೇ ಅಲ್ಲಿಯೂ ಎದುರಾಗುತ್ತವೆ. ಈಕ್ವಲೈಜರ್ ಎಪಿಒದಲ್ಲಾದರೋ ಪ್ರತಿಯೊಂದು ಫಿಲ್ಟರಿನ, ಅಂದರೆ ಧ್ವನಿಯ ಒಂದು ಭಾಗವನ್ನು ಏರಿಸುವ ಅಥವಾ ಇಳಿಸುವ ಘಟಕದ, ಆವೃತ್ತಿ (ಹರ್ಟ್ಸ್), ಡೆಸಿಬೆಲ್ ಮತ್ತು ಅಗಲವನ್ನು ಸೂಚಿಸುವ ಕ್ಯೂ ಮೌಲ್ಯ ಮೂರನ್ನೂ ಬೇರೆ ಬೇರೆಯಾಗಿ ತಿದ್ದಬಹುದು. ಪಠ್ಯ ಕಡತದ ಗೊಡವೆ ಬೇಡವೆನ್ನುವವರಿಗೆ ಎಲ್ಲವನ್ನೂ ಪರದೆಯ ಮೇಲೆಯೇ ಹೊಂದಿಸಲು ಬಿಡುವ ಪೀಸ್ ಎಂಬ ತಂತ್ರಾಂಶವಿದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸಂಗೀತ ನುಡಿಸುವ ತಂತ್ರಾಂಶವು ಧ್ವನಿ ಸಾಧನವನ್ನು ನೇರವಾಗಿ ಬಳಸುವ ಎಎಸ್‌ಐಒ ಅಥವಾ ವಾಸಾಪಿ ಎಕ್ಸ್‌ಕ್ಲೂಸಿವ್ ಎಂಬ ವಿಧಾನದಲ್ಲಿದ್ದರೆ ಧ್ವನಿ ಈ ಈಕ್ವಲೈಜರನ್ನು ದಾಟದೆ ನೇರವಾಗಿ ಹೊರಟುಹೋಗುತ್ತದೆ, ಮತ್ತು ಏನನ್ನು ಬದಲಿಸಿದರೂ ವ್ಯತ್ಯಾಸ ಕೇಳುವುದಿಲ್ಲ.

ಸಿದ್ಧ ತಿದ್ದುಪಡಿ ಹಚ್ಚಿದ ಮೊದಲ ಕ್ಷಣದಲ್ಲೇ ನಡುಭಾಗದ ಧ್ವನಿ ಸರಿಹೋದದ್ದು ನನಗೆ ನಿಚ್ಚಳವಾಗಿ ಕೇಳಿತು. ಗಾಯಕಿಯ ಕಂಠ ಮೂಗಿನಿಂದ ಬರುವಂತಿದ್ದುದು ನಿಂತಿತು. ಪಿಟೀಲಿಗೂ ಕಂಠಕ್ಕೂ ನಡುವಿನ ಅಂತರ ಸಹಜವಾಯಿತು. ಇಷ್ಟನ್ನು ನಾನು ಕೈಯಿಂದ ಹುಡುಕಲು ಹೊರಟಿದ್ದರೆ ತಿಂಗಳುಗಳೇ ಬೇಕಾಗುತ್ತಿದ್ದವು. ಆದರೆ ಎರಡು ಕಡೆ ಅದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲನೆಯದು ಬಾಸ್. ನನ್ನ ಹೆಡ್‌ಫೋನಿಗೆ ಬಂದ ಮೊದಲ ಫಿಲ್ಟರ್ 105 ಹರ್ಟ್ಸ್‌ನಿಂದ ಕೆಳಗಿನದನ್ನೆಲ್ಲ 6 ಡೆಸಿಬೆಲ್ ಏರಿಸುವ ಶೆಲ್ಫ್. ಇಂಥ ಶೆಲ್ಫ್ ತನ್ನ ತಿರುವಿನ ಬಿಂದುವಿನಲ್ಲೇ ಅರ್ಧದಷ್ಟು, ಅಂದರೆ 3 ಡೆಸಿಬೆಲ್, ಏರಿಸಿರುತ್ತದೆ. ಹೀಗಾಗಿ 131ರ ಷಡ್ಜಕ್ಕೂ ಅದರ ಪಾಲು ಸಿಗುತ್ತದೆ. ಬಾಸ್ ಗಿಟಾರ್, ಡ್ರಮ್ ಇರುವ ಸಂಗೀತಕ್ಕೆ ಇದು ಹಿತವಾಗಿತ್ತು. ಮೃದಂಗದ ಗುಮ್ಕಿ ಮಾತ್ರ ಕೈಯ ಒತ್ತಡದಿಂದ ಏರಿಳಿಯುವ ನಾದವಾಗಿ ಉಳಿಯದೆ ಒಂದೇ ತೆರನಾದ ಗುದ್ದಾಗಿ ಕೇಳಿತು.

ಎರಡನೆಯದು 6,000 ಹರ್ಟ್ಸ್‌ನಿಂದ ಮೇಲಿನ ಭಾಗ, ಮತ್ತು ಈ ಹೋಲಿಕೆಯಲ್ಲಿ ನಾನು ಹೆಚ್ಚು ಸಮಯ ಕಳೆದದ್ದು ಇಲ್ಲಿಯೇ. ಮಾಪನ ನಡೆಯುವುದು ಕೃತಕ ಕಿವಿಯ ಮೇಲೆ. 8,000 ಹರ್ಟ್ಸ್‌ನ ಧ್ವನಿಯ ಅಲೆಯುದ್ದ ಗಾಳಿಯಲ್ಲಿ ಸುಮಾರು 4.3 ಸೆಂಟಿಮೀಟರ್, ಕಿವಿಯ ಹಾಲೆ, ನಾಳಗಳ ಅಳತೆಗೆ ಇದು ಹತ್ತಿರವಾದದ್ದರಿಂದ ಒಬ್ಬೊಬ್ಬರ ಕಿವಿಯ ಆಕಾರಕ್ಕೆ ತಕ್ಕಂತೆ ಏರುತಗ್ಗುಗಳ ಸ್ಥಾನ ಬದಲಾಗುತ್ತದೆ. ಹೆಡ್‌ಫೋನನ್ನು ಅರ್ಧ ಸೆಂಟಿಮೀಟರ್ ಹಿಂದೆ ಸರಿಸಿ ಹಾಕಿಕೊಂಡರೂ ಸಕಾರದ ಬಣ್ಣ ಬೇರೆಯಾಗುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸಿದ್ಧ ತಿದ್ದುಪಡಿಯಲ್ಲಿ ಈ ಭಾಗಕ್ಕೆ ಕಿರಿದಾದ ಮೂರು ಫಿಲ್ಟರುಗಳಿದ್ದವು. ಅವು ಕೃತಕ ಕಿವಿಯ ಏರುತಗ್ಗನ್ನು ಸರಿಪಡಿಸುತ್ತಿದ್ದವೇ ಹೊರತು ನನ್ನ ಕಿವಿಯದನ್ನಲ್ಲ. ಉಗುರಿನ ಸದ್ದು ಕಡಿಮೆಯಾಗಿದ್ದರೂ ಪೂರ್ತಿ ಹೋಗಿರಲಿಲ್ಲ, ಅದರ ಪಕ್ಕದಲ್ಲೇ ಹೊಸದೊಂದು ಚುರುಕು ಹುಟ್ಟಿಕೊಂಡಿತ್ತು.

ಆದ್ದರಿಂದ ಮೂರನೆಯ ವಿಧಾನಕ್ಕೆ ಬಂದೆ. 4,000ದಿಂದ 10,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಶುದ್ಧ ಸ್ವರವೊಂದನ್ನು ತೀರ ಕಡಿಮೆ ಮಟ್ಟದಲ್ಲಿ ಕೇಳುತ್ತ, ಅದು ಎಲ್ಲಿ ಇದ್ದಕ್ಕಿದ್ದಂತೆ ಜೋರಾಗುತ್ತದೆಂದು ಗುರುತು ಹಾಕಿಕೊಂಡೆ. ಒಮ್ಮೆಗೆ ನಂಬದೆ, ಮೂರು ಬೇರೆ ದಿನ, ಪ್ರತಿ ಸಲವೂ ಹೆಡ್‌ಫೋನನ್ನು ತೆಗೆದು ಮತ್ತೆ ಹಾಕಿಕೊಂಡು ನೋಡಿದಾಗ ನನ್ನ ಕಿವಿಯಲ್ಲಿ ಆ ಏರು 7,400 ಹರ್ಟ್ಸ್‌ನ ಬಳಿ ನಿಲ್ಲುತ್ತಿತ್ತು. ಅಲ್ಲಿ ಕ್ಯೂ 4ರ ಒಂದು ಫಿಲ್ಟರ್ ಹಾಕಿ 5 ಡೆಸಿಬೆಲ್ ಇಳಿಸಿದೆ. ಆಗ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ: 125, 250ರ ಪಟ್ಟಿಗಳನ್ನು ಏರಿಸಿದಾಗ ಬಾರದಿದ್ದ ಕೊಡದ ನಾದ, ಮೇಲಿನ ಒಂದು ಮುಳ್ಳನ್ನು ತಗ್ಗಿಸಿದಾಗ ತಾನಾಗಿ ಮುಂದೆ ಬಂತು. ಕೊಡ ಮೊದಲಿನಿಂದಲೂ ಅಲ್ಲಿಯೇ ಇತ್ತು. ಗಮನವನ್ನೆಲ್ಲ ಉಗುರು ಸೆಳೆದುಕೊಳ್ಳುತ್ತಿತ್ತು.

ಹಾಗೆಂದು ಎಲ್ಲವನ್ನೂ ಕಿವಿಯಿಂದಲೇ ಹೊಂದಿಸುವುದನ್ನು ನಾನು ಶಿಫಾರಸು ಮಾಡಲಾರೆ. ಸಿದ್ಧ ತಿದ್ದುಪಡಿಯನ್ನು ಪೂರ್ತಿ ಬಿಟ್ಟು ಶೂನ್ಯದಿಂದ ಆರಂಭಿಸಿದ ನನ್ನ ಪ್ರಯತ್ನದಲ್ಲಿ 1,000ದಿಂದ 4,000 ಹರ್ಟ್ಸ್‌ವರೆಗಿನ ಭಾಗ ಪ್ರತಿ ಸಂಜೆಯೂ ಬದಲಾಗುತ್ತಿತ್ತು. ಅರ್ಧ ಗಂಟೆ ಕೇಳಿದರೆ ಕಿವಿ ಯಾವ ತಪ್ಪಿಗೂ ಒಗ್ಗಿಹೋಗುತ್ತದೆ. ಕೊನೆಗೆ ನಿಂತದ್ದು ಎರಡರ ಜೋಡಣೆ: ನಡುಭಾಗಕ್ಕೆ ಆಟೋಇಕ್ಯುವಿನ ಫಿಲ್ಟರುಗಳು ಇದ್ದಂತೆಯೇ, ಬಾಸ್ ಶೆಲ್ಫ್ 105ರ ಬದಲು 70 ಹರ್ಟ್ಸ್‌ನಲ್ಲಿ 4 ಡೆಸಿಬೆಲ್, ಮೇಲಿನ ಮೂರು ಕಿರಿದಾದ ಫಿಲ್ಟರುಗಳ ಜಾಗದಲ್ಲಿ ನನ್ನ ಒಂದೇ ಒಂದು.

ಇದು ಮನಸ್ಸಿನ ಭ್ರಮೆಯಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅಕ್ಕನ ಮಗನನ್ನು ಕೂರಿಸಿ, ಪರದೆ ನನಗೆ ಕಾಣದಂತೆ ತಿರುಗಿಸಿ, ಸಿದ್ಧ ತಿದ್ದುಪಡಿಯನ್ನೂ ನನ್ನ ಜೋಡಣೆಯನ್ನೂ ಅವನಿಗೆ ತೋಚಿದ ಕ್ರಮದಲ್ಲಿ ಬದಲಿಸಲು ಹೇಳಿದೆ. “ಮಾವ, ಈಗ ಯಾವುದು?” ಎಂದು ಅವನು 15 ಸಲ ಕೇಳಿದ, ವೀಣೆಯ ಮುದ್ರಣದಲ್ಲಿ 13 ಸಲ ಸರಿಯಾಗಿ ಗುರುತಿಸಿದೆ. ಆದರೆ ಕೊಳಲಿನ ಮುದ್ರಣವೊಂದರಲ್ಲಿ 15ಕ್ಕೆ 8 ಮಾತ್ರ ಸರಿಯಾಯಿತು, ಅಂದರೆ ಅಲ್ಲಿ ನಾನು ಊಹಿಸುತ್ತಿದ್ದೆನಷ್ಟೆ. ಗ್ರಾಫಿಕ್ ಈಕ್ವಲೈಜರನ್ನು ಎರಡರಲ್ಲೂ ಒಮ್ಮೆಯೂ ತಪ್ಪದೆ ಗುರುತಿಸಿದೆ.

ಪ್ರಿಆ್ಯಂಪ್, ಅಂದರೆ ಈಕ್ವಲೈಜರ್‌ನಲ್ಲಿ ಒಟ್ಟು ಮಟ್ಟವನ್ನು ನಿಗದಿಪಡಿಸುವ ಸಾಲಿನ, ವಿಷಯವನ್ನು ಹೇಳದೆ ಬಿಡುವಂತಿಲ್ಲ. ಡಿಜಿಟಲ್ ಧ್ವನಿಗೆ ಮೇಲಿನ ಮಿತಿ 0 ಡೆಸಿಬೆಲ್. ಯಾವುದೇ ಭಾಗವನ್ನು 4 ಡೆಸಿಬೆಲ್ ಏರಿಸಿದರೆ ಒಟ್ಟು ಮಟ್ಟವನ್ನು ಮೊದಲೇ ಅಷ್ಟು ತಗ್ಗಿಸಿರಬೇಕು. ಒಂದು ದಿನ ಫಿಲ್ಟರುಗಳನ್ನು ನಕಲು ಮಾಡುವಾಗ ಪ್ರಿಆ್ಯಂಪ್‌ನ ಸಾಲು ಬಿಟ್ಟುಹೋಗಿ, ತನಿಯಾವರ್ತನದ (ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗದ) ಜೋರಾದ ಪೆಟ್ಟುಗಳೆಲ್ಲ ಚರಚರ ಎಂದು ಒಡೆದು ಕೇಳಿದವು. ಮುದ್ರಣವೇ ಕೆಟ್ಟದ್ದೆಂದು ನಾನು ಎರಡು ದಿನ ನಂಬಿದ್ದೆ. ಹಾಗೆಯೇ ಹೆಡ್‌ಫೋನಿನ ದೋಷಕ್ಕೂ ಮುದ್ರಣದ ದೋಷಕ್ಕೂ ಗೊಂದಲವಾಗಬಾರದು. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ (1895–1967) ಕಾಲದ ಹಳೆಯ ತಟ್ಟೆಗಳ ಮುದ್ರಣಗಳಲ್ಲಿ ಮೇಲಿನ ಆವೃತ್ತಿಗಳೂ ಮಂದ್ರವೂ ಮೊದಲೇ ಕಡಿಮೆ. ಅವನ್ನು ಕೇಳುತ್ತ ಹೆಡ್‌ಫೋನನ್ನು ಹೊಂದಿಸಿದರೆ ಉಳಿದ ಎಲ್ಲ ಸಂಗೀತವೂ ಹದಗೆಡುತ್ತದೆ. ಅವುಗಳಿಗಾಗಿ ಪ್ರತ್ಯೇಕ ಹೊಂದಾಣಿಕೆಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದೇನೆ.

ಈಕ್ವಲೈಜರ್‌ನ ಕೈಗೆಟುಕದ ಸಂಗತಿಗಳೂ ಇವೆ. ಮುಚ್ಚಿದ ಬಗೆಯ ಇನ್ನೊಂದು ಹೆಡ್‌ಫೋನಿನ ಮೇಲೂ ಇದೇ ಪ್ರಯೋಗ ಮಾಡಿದಾಗ ಬಾಸ್ ಒಂದು ದಿನ ಸರಿಯಿದ್ದು ಮರುದಿನ ಇಲ್ಲವಾಗುತ್ತಿತ್ತು. ಕಾರಣ ನನ್ನ ಕನ್ನಡಕ: ಅದರ ಕಡ್ಡಿ ಮೆತ್ತೆಯ ಅಡಿಯಲ್ಲಿ ಸಂದು ಮಾಡಿ ಮಂದ್ರದ ಒತ್ತಡವನ್ನು ಹೊರಗೆ ಬಿಡುತ್ತಿತ್ತು. ಇಂಥ ಸೋರಿಕೆಯನ್ನು ಫಿಲ್ಟರಿನಿಂದ ತುಂಬಲು ಹೋಗುವುದು ವ್ಯರ್ಥ, ಏಕೆಂದರೆ 6 ಡೆಸಿಬೆಲ್ ಏರಿಕೆಗೇ ನಾಲ್ಕು ಪಟ್ಟು ವಿದ್ಯುತ್ ಶಕ್ತಿ ಬೇಕು, ಮತ್ತು ಹೆಡ್‌ಫೋನಿನೊಳಗೆ ಧ್ವನಿ ಹೊರಡಿಸುವ ಸಣ್ಣ ಡ್ರೈವರ್ ಆ ಹೊರೆಯನ್ನು ವಿರೂಪವಾಗಿ ಹೊರಹಾಕುತ್ತದೆ.

ಹೊಂದಿಸಿದ ಮೇಲೆ ಎದುರು ಮನೆಯವರಿಗೆ ಅವರದೇ ತಾನವನ್ನು ಮತ್ತೊಮ್ಮೆ ಕೇಳಿಸಿದೆ. ಅವರು ಬಹಳ ಹೊತ್ತು ಕೇಳಿ, “ಕೊಡ ಬಂತು. ತಾಳದ ತಂತಿ ಸ್ವಲ್ಪ ದೂರ ಹೋಯ್ತು ನೋಡು,” ಎಂದರು. ಅವರ ಕಿವಿ ನನ್ನದಲ್ಲವೆಂಬುದು ಗೊತ್ತಿದ್ದರೂ ಮನೆಗೆ ಬಂದು 7,400ರ ಫಿಲ್ಟರನ್ನು 5ರಿಂದ 3.5 ಡೆಸಿಬೆಲ್‌ಗೆ ತಂದು ಕೇಳಿದಾಗ ಅವರ ಮಾತು ಸರಿಯೆನ್ನಿಸಿತು. ಲ್ಯಾಪ್‌ಟಾಪಿನಲ್ಲಿ ಈಗ ಇರುವುದು ಅದೇ ಅಂಕಿ. ಫೋನಿನಲ್ಲಿ ಮಾತ್ರ ವೇವ್‌ಲೆಟ್‌ನ ಸಿದ್ಧ ತಿದ್ದುಪಡಿಯನ್ನು ಬದಲಿಸದೆ ಉಳಿಸಿಕೊಂಡಿದ್ದೇನೆ. ಬಸ್ಸಿನಲ್ಲಿ ಮಂಡ್ಯದವರೆಗೆ ಹೋಗಿಬರುವಾಗ ಅದಕ್ಕಿಂತ ಹೆಚ್ಚಿನದು ನನಗೆ ಬೇಕಾಗಿಲ್ಲ.