ಉಗುರಿಲ್ಲದವಳ ಟೂಲ್ ಬಾಕ್ಸು: 349 ರೂಪಾಯಿ ಆನ್‌ಲೈನ್ ಕಿಟ್ಟಾ, ಎಸ್‌ಪಿ ರೋಡಾ?

ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ, ಟೈಮ್ ಇಲ್ದೋರು ಇಲ್ಲಿಂದಾನೇ ವಾಪಸ್ ಹೋಗ್ಬಹುದು. ಆನ್‌ಲೈನಲ್ಲಿ ತರಿಸಿದ, ಉಗುರಿನ ಬದಲು ಬೆರಳಿಗೆ ಹಾಕ್ಕೊಳ್ಳೋ ಕಿಟ್‌ಗೆ ಐದಕ್ಕೆ ಒಂದೂವರೆ, ಅದ್ರಲ್ಲಿ ಒಂದು ಬೆಂಡೆಕಾಯಿ ಸಲುವಾಗಿ, ಅರ್ಧ ಅದು ಬಂದ ಡಬ್ಬ ಚೆನ್ನಾಗಿದೆ ಅಂತ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ ಎಸ್‌ಪಿ ರೋಡಲ್ಲಿ ತಗೊಂಡ ಚಿಮ್ಮಟಕ್ಕೆ ನಾಲ್ಕೂವರೆ. ಅದೇ ಅಂಗಡಿಲಿ ಹತ್ತು ರೂಪಾಯಿಗೆ ಸಿಕ್ಕಿದ ಪ್ಲಾಸ್ಟಿಕ್ ಪಿಕ್‌ಗೆ ಐದಕ್ಕೆ ಐದು, ಆರು ಕೊಡೋ ಹಾಗಿದ್ರೆ ಆರೇ ಕೊಡ್ತಿದ್ದೆ.

ಈಗ ಕಥೆ. ನಾನು ಮೂರು ವರ್ಷದಿಂದ ಮಲ್ಲೇಶ್ವರಂನಲ್ಲಿ ಪಿಟೀಲು ಕ್ಲಾಸಿಗೆ ಹೋಗ್ತಿದೀನಿ, ನಲವತ್ತು ದಾಟಿದ್ಮೇಲೆ ಹುಟ್ಟಿದ ಹುಚ್ಚು ಇದು. ಪಿಟೀಲಿಗೆ ಎಡಗೈ ಉಗುರು ಚೂರೂ ಇರೋ ಹಾಗಿಲ್ಲ, ತಂತಿ ಒತ್ತಬೇಕಾಗಿರೋದು ಬೆರಳ ತುದಿಯ ಮಾಂಸದಲ್ಲಿ, ಉಗುರು ತಗುಲಿದ್ರೆ ಟಿಕ್ ಅಂತ ಶಬ್ದ ಬರುತ್ತೆ, ಗಮಕಕ್ಕೆ ಜಾರಿಸೋವಾಗ ಅಂತೂ ಕರ್ಕಶ. ಬಲಗೈದು ಬಿಟ್ಕೋಬಹುದಲ್ವಾ ಅಂತೀರಾ? ನಾನೂ ಕೇಳ್ದೆ. ಕಮಾನು ಹಿಡಿಯೋಕೆ ಹೆಬ್ಬೆರಳು ಮಡಚಬೇಕು ಕಣಮ್ಮ, ಉಗುರು ಕಡ್ಡಿಗೆ ತಾಗುತ್ತೆ, ಅದನ್ನೂ ತೆಗಿ ಅಂದ್ರು ಮೇಷ್ಟ್ರು. ಕ್ಲಾಸು ಶನಿವಾರ ಬೆಳಿಗ್ಗೆ, ಶುಕ್ರವಾರ ಉಗುರು ತೆಗೆದ್ರೆ ನಮ್ಮಮ್ಮ ಮನೆ ಬಿಡಿಸ್ತಾರೆ, ಮಂಗಳವಾರಾನೂ ಇಲ್ಲ, ದೀಪ ಹಚ್ಚಿದ್ಮೇಲೂ ಇಲ್ಲ, ಹಾಗಾಗಿ ಪ್ರತಿ ಗುರುವಾರ ಸಂಜೆ ಆಫೀಸಿಂದ ಓಡಿ ಬಂದು ಕತ್ತಲಾಗೋದ್ರೊಳಗೆ ಬುಡದವರೆಗೆ ಕತ್ತರಿಸ್ಕೋತೀನಿ. ಕೈ ಉಗುರು ತಿಂಗಳಿಗೆ ಬೆಳೆಯೋದೇ ಸುಮಾರು 3 ಮಿಲಿಮೀಟರ್, ವಾರ ವಾರ ತೆಗೆದ್ರೆ ಉಳಿಯೋದೇನು.

‘ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಯಾಕೆ’ ಅಂತ ನಮ್ಮಜ್ಜಿ ಹೇಳ್ತಿದ್ರು. ಅಜ್ಜೀ, ಉಗುರೇ ಇಲ್ದಿರೋರ ಕಷ್ಟ ನಿಮ್ಗೇನ್ ಗೊತ್ತು. ಮನೆ ಬದಲಾಯಿಸಿದಾಗ ಹೊಸ ಕೀನ ರಿಂಗಿಗೆ ಹಾಕೋಕೆ ಹತ್ತು ನಿಮಿಷ. ಹೊಸ ಸ್ಟೀಲ್ ಡಬ್ಬದ ಮೇಲಿನ ಸ್ಟಿಕ್ಕರು, ತುದಿ ಏಳೋದೇ ಇಲ್ಲ. ರಿಮೋಟಿನ ಬ್ಯಾಟರಿ ಮುಚ್ಚಳ, ಸೆಲ್ಲೋಟೇಪಿನ ತುದಿ, ಟೈಲ್ಸ್ ಮೇಲೆ ಬಿದ್ದ ಒಂದು ರೂಪಾಯಿ, ಕೂಲ್‌ಡ್ರಿಂಕ್ ಟಿನ್ನಿನ ರಿಂಗು, ಸರದ ಕೊಂಡಿ, ಕಾಲಿಗೆ ಚುಚ್ಚಿದ ಮುಳ್ಳು. ಗ್ಯಾಸ್ ಸಿಲಿಂಡರ್ ಮೇಲಿನ ಬಿಳಿ ಕ್ಯಾಪ್ ಇರುತ್ತಲ್ಲ, ಅದ್ರ ದಾರ ಕಿತ್ತು ಬಂದ ದಿನ ಪಕ್ಕದ ಮನೆಯವರನ್ನ ಕರೆದಿದೀನಿ, ಅವ್ರ ಸೊಸೆ ಉದ್ದನೇ ನೇಲ್ ಪಾಲಿಶ್ ಬೆರಳಲ್ಲಿ ಟಪ್ ಅಂತ ತೆಗೆದು ಕೊಟ್ಳು, ನಂಗೆ ಅವಮಾನ.

ಹಾಗೇ ಒಂದಿನ ರಾತ್ರಿ ಹನ್ನೊಂದು ಗಂಟೆಗೆ ಫೋನ್ ನೋಡ್ತಾ ನೋಡ್ತಾ ಆ ಕಿಟ್ ಆರ್ಡರ್ ಮಾಡ್ಬಿಟ್ಟೆ. ಯಾವ ಸೈಟು, ಯಾವ ಕಂಪನಿ ಅಂತ ಹೇಳಲ್ಲ, ಹತ್ತಾರು ಹೆಸರಲ್ಲಿ ಇದೇ ಮಾಲು ಬರುತ್ತೆ. ಒಳಗೆ ಇದ್ದಿದ್ದು: ಹೆಬ್ಬೆರಳಿಗೆ ಹಾಕೋ ಒಂದು ಸಿಲಿಕಾನ್ ಟೋಪಿ, ಅದ್ರ ಮುಂದೆ ಉಗುರಿನ ಥರ ಒಂದು ಬ್ಲೇಡು, ಉಳಿದ ಬೆರಳಿಗೆ ನಾಲ್ಕು ಟೋಪಿ, ಸುಲಿಯೋಕೆ ಅಂತ ಒಂದು ತಗಡಿನ ಉಗುರು, ಟಿನ್ ತೆಗೆಯೋಕೆ ಒಂದು ಪ್ಲಾಸ್ಟಿಕ್ ಕೊಕ್ಕೆ.

ಬ್ಲೇಡಿನ ಹೆಬ್ಬೆರಳು ಕೆಟ್ಟದ್ದಲ್ಲ. ಅದು ತೋಟದಲ್ಲಿ ತರಕಾರಿ ಕೀಳೋರಿಗೆ ಮಾಡಿರೋದು, ಟೆರೇಸ್ ಮೇಲಿನ ನಾಲ್ಕು ಬೆಂಡೆ ಗಿಡದಿಂದ ಕಾಯಿ ಕಟ್ ಮಾಡೋಕೆ ಮಜಾ ಇದೆ, ಕೊತ್ತಂಬರಿ ದಂಟು, ಸೊಪ್ಪಿನ ಬೇರು, ವೀಳ್ಯದೆಲೆ ತೊಟ್ಟು ಎಲ್ಲಾ ಚಕಚಕ ಹೋಗುತ್ತೆ. ಆದ್ರೆ ಅದನ್ನ ಹಾಕ್ಕೊಂಡು ಅವರೆಕಾಯಿ ಸುಲಿಯೋಕೆ ಕೂತೆ ನೋಡಿ, ಅಲ್ಲಿ ಕೆಟ್ಟಿದ್ದು. ಜನವರಿಲಿ ಅಮ್ಮ ಮಾಗಡಿ ಕಡೆಯ ಸೊನೆ ಅವರೆ ಮೂರು ಕೆಜಿ ತಂದಿದ್ರು, ಬ್ಲೇಡು ಸಿಪ್ಪೆ ಜೊತೆ ಒಳಗಿನ ಕಾಳನ್ನೂ ಸೀಳ್ತು, ಬೆರಳಿಗೆ ಟೋಪಿ ಇರೋದ್ರಿಂದ ಎಲ್ಲಿ ಕಾಳಿದೆ, ಎಲ್ಲಿ ನಾರಿದೆ ಅಂತ ಗೊತ್ತೇ ಆಗಲ್ಲ. ಅರ್ಧ ಪಾವು ಕಾಳು ಹಾಳಾದ್ಮೇಲೆ ಅಮ್ಮ ಏನೂ ಹೇಳದೆ ನನ್ನ ಮುಂದಿಂದ ಮೊರ ಎಳ್ಕೊಂಡ್ರು.

ಯೋಚನೆ ಮಾಡಿದ್ರೆ ತಪ್ಪು ಅಲ್ಲೇ ಇರೋದು. ಉಗುರು ಬರೀ ಕೆರೆಯೋ ಸಾಮಾನಲ್ಲ, ಬೆರಳ ತುದಿಯ ಮಾಂಸಕ್ಕೆ ಹಿಂದಿಂದ ಆನಿಕೆ ಕೊಡೋದು ಅದು, ಅದಕ್ಕೇ ಸೂಜಿ ಹಿಡಿದಾಗ ಸೂಜಿ ಅಂತ ಬೆರಳಿಗೆ ತಿಳಿಯುತ್ತೆ. ಈ ಕಿಟ್ ಮಾಡ್ದೋರು ಬೆರಳನ್ನೇ ರಬ್ಬರಲ್ಲಿ ಮುಚ್ಚಿ ಆ ತಿಳಿವಳಿಕೆನೇ ಕಿತ್ಕೊಂಡಿದಾರೆ. ಇನ್ನು ನಾಲ್ಕು ಟೋಪಿ ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ತಗಡಿನ ಉಗುರು ಮೊದಲನೇ ಬೆಳ್ಳುಳ್ಳಿಗೇ ಬಗ್ತು. ಕೊಕ್ಕೆ ಕೆಲಸ ಚಮಚದ ಹಿಡಿ ಚೆನ್ನಾಗಿ ಮಾಡುತ್ತೆ. ರಿಟರ್ನ್ ಹಾಕೋಕೆ ಹೋದ್ರೆ ಇದು ಮೈಗೆ ಹಾಕೋ ಐಟಂ, ವಾಪಸ್ ಇಲ್ಲ ಅಂತ ಬಂತು. ಮೈಗಂತೆ!

ಎಸ್‌ಪಿ ರೋಡಿಗೆ ಹೋಗಿದ್ದು ಬೇರೆ ಕೆಲಸಕ್ಕೆ, ಮಗನ ಲ್ಯಾಪ್‌ಟಾಪ್ ಚಾರ್ಜರಿಗೆ. ಸಂಪಿಗೆ ರೋಡ್ ಸ್ಟೇಷನಲ್ಲಿ ಹಸಿರು ಲೈನ್ ಹತ್ತಿದ್ರೆ ಮೆಜೆಸ್ಟಿಕ್ ಆದ್ಮೇಲೆ ಚಿಕ್ಕಪೇಟೆ, ಅಲ್ಲಿಂದ ನಡ್ಕೊಂಡೇ ಹೋಗ್ಬಹುದು, ಗಾಡಿ ತಗೊಂಡು ಹೋಗೋ ಧೈರ್ಯ ಮಾಡ್ಬೇಡಿ. ಭಾನುವಾರಾನೂ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ. ಒಂದು ಸಂದಿಲಿ ಮೊಬೈಲ್ ರಿಪೇರಿ ಸಾಮಾನಿನ ಅಂಗಡಿ, ನಾಲ್ಕಡಿ ಅಗಲ ಇರ್ಬಹುದು ಅಷ್ಟೆ, ಅಲ್ಲಿ ಹುಡುಗ ಒಂದು ಫೋನಿನ ಬೆನ್ನು ಬಿಚ್ತಿದ್ದ. ಕೈಲಿ ಗಿಟಾರಿಗೆ ಬಳಸೋ ಥರದ ತ್ರಿಕೋನದ ತೆಳು ಪ್ಲಾಸ್ಟಿಕ್ ಚೂರು, ಅದೇ ಪಿಕ್ಕು. ಸಂದಿಗೆ ತೂರಿಸ್ದ, ಸುತ್ತ ಎಳ್ದ, ಬೆನ್ನು ಕಳಚ್ಕೊಂಡು ಬಂತು. ಅವನ ಉಗುರು ನೋಡ್ದೆ, ನನ್ನದಕ್ಕಿಂತ ಮೋಟು.

‘ಅದು ಒಂದು ಕೊಡಪ್ಪ’ ಅಂದೆ.

‘ಯಾವ್ ಫೋನು ಮೇಡಂ?’

‘ಫೋನಿಗಲ್ಲ, ಸ್ಟೀಲ್ ಡಬ್ಬಕ್ಕೆ.’

ಒಂದು ಸಲ ನನ್ನ ಮುಖ ನೋಡಿ, ಹತ್ತು ರೂಪಾಯಿಗೆ ಒಂದು, ಐದು ತಗೊಂಡ್ರೆ ನಲವತ್ತು ಅಂದ. ಐದು ತಗೊಂಡೆ. ಇದರ ಬಗ್ಗೆ ಎಷ್ಟು ಹೇಳಿದ್ರೂ ಸಾಲಲ್ಲ ಕಣ್ರೀ. ತುದಿ ತೆಳು, ಚೂರು ಬಳುಕುತ್ತೆ, ಉಗುರೂ ಹಾಗೇ ತಾನೆ ಇರೋದು, ಹಿಡ್ಕೊಳ್ಳೋದು ನಮ್ಮ ಬರಿ ಬೆರಳಲ್ಲೇ ಆದ್ರಿಂದ ಎಷ್ಟು ಒತ್ತಡ ಬೀಳ್ತಿದೆ ಅಂತ ಕೈಗೆ ಗೊತ್ತಾಗುತ್ತೆ, ಸ್ಟೀಲ್ ಮೇಲೆ ಗೀರು ಬೀಳಲ್ಲ. ರಿಮೋಟ್ ಮುಚ್ಚಳ, ಟಿಫನ್ ಡಬ್ಬದ ಬಿಗಿ ಮುಚ್ಚಳ, ಟೇಪಿನ ತುದಿ, ಸ್ವಿಚ್‌ಬೋರ್ಡ್ ಅಂಚಿನ ಪೇಂಟು, ಎಲ್ಲಾದಕ್ಕೂ ಇದೇ. ನೆಲದ ಮೇಲಿನ ನಾಣ್ಯಾನೂ ಇದನ್ನ ಅಡಿಗೆ ತೂರಿಸಿ ಎತ್ಬಹುದು.

ಸ್ಟಿಕ್ಕರಿಗೆ ಮಾತ್ರ ಪಿಕ್ ಒಂದೇ ಸಾಲಲ್ಲ, ಜೊತೆಗೆ ಬಿಸಿ ಬೇಕು. ಸ್ಟೀಲ್ ತಟ್ಟೆ ಆದ್ರೆ ಸ್ಟಿಕ್ಕರ್ ಇರೋ ಜಾಗದ ಇನ್ನೊಂದು ಬದಿನ ಸಣ್ಣ ಉರಿಗೆ ಹತ್ತು ಹದಿನೈದು ಸೆಕೆಂಡ್ ಹಿಡೀರಿ, ಗೋಂದು ಮೆತ್ತಗಾಗುತ್ತೆ, ಆಮೇಲೆ ಪಿಕ್ಕಲ್ಲಿ ಒಂದು ಮೂಲೆ ಎಬ್ಬಿಸಿದ್ರೆ ಇಡೀದಾಗಿ ಬರುತ್ತೆ. ಉಳಿದ ಜಿಗುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಪ್ಲಾಸ್ಟಿಕ್ ಡಬ್ಬಕ್ಕೆ ಉರಿ ಬೇಡ, ಬರೀ ಎಣ್ಣೆ. ಪುಸ್ತಕದ ಮೇಲಿನ ಬೆಲೆ ಚೀಟಿಗೆ ಎಣ್ಣೆನೂ ಬೇಡ, ಹೇರ್ ಡ್ರೈಯರ್ ಬಿಸಿ ಗಾಳಿ ಸಾಕು.

ಅದೇ ಅಂಗಡಿಲಿ ಚಿಮ್ಮಟ. ಹುಬ್ಬು ಕೀಳೋದು ನನ್ನತ್ರ ಇತ್ತು, ಆದ್ರೆ ರಿಪೇರಿಯವರದ್ದು ಬೇರೆ ಲೆವೆಲ್ಲು. ಕಪ್ಪು ಬಣ್ಣದ್ದು, ಮೇಲೆ ಇಎಸ್‌ಡಿ ಅಂತ ಬರೆದು ನಂಬರ್ ಇರುತ್ತೆ, 11 ಅಂದ್ರೆ ನೆಟ್ಟಗೆ ಚೂಪು, 15 ಅಂದ್ರೆ ತುದಿ ಬಾಗಿರೋದು. ನಾನು 15 ತಗೊಂಡೆ, ಅರವತ್ತು ರೂಪಾಯಿ. ಸರದ ಕೊಂಡಿ ಎಳೆಯೋಕೆ, ಸಿಮ್ ಹಿಡಿಯೋಕೆ (ನ್ಯಾನೋ ಸಿಮ್ 12.3 ಮಿಮೀ ಉದ್ದ, 0.67 ಮಿಮೀ ದಪ್ಪ, ಮೇಜಿನ ಮೇಲೆ ಚಪ್ಪಟೆ ಬಿದ್ರೆ ಮೋಟು ಬೆರಳಿಗೆ ದಕ್ಕಲ್ಲ), ಹೊಲಿಗೆ ಬಿಚ್ಚಿದಾಗ ಉಳಿಯೋ ದಾರ ಕೀಳೋಕೆ, ದಾರದ ಗಂಟು ಬಿಡಿಸೋಕೆ ಇದನ್ನ ಮೀರಿಸಿದ್ದಿಲ್ಲ. ಅರ್ಧ ಮಾರ್ಕು ಯಾಕೆ ಕಟ್ ಮಾಡ್ದೆ ಅಂದ್ರೆ ತುದಿ ಸಿಕ್ಕಾಪಟ್ಟೆ ಚೂಪು, ಬ್ಯಾಗಲ್ಲಿ ಹಾಗೇ ಹಾಕಿದ್ರೆ ಕೈ ಚುಚ್ಚುತ್ತೆ, ಒಂದ್ಸಲ ನೆಲಕ್ಕೆ ಬಿದ್ರೆ ತುದಿ ಸೊಟ್ಟ ಆಗಿ ಎರಡೂ ಸೇರಲ್ಲ. ಇನ್ನೊಂದು, ಸ್ಕೂಟರ್ ರಿಮೋಟಲ್ಲಿ ಬರೋ ಬಿಲ್ಲೆ ಬ್ಯಾಟರಿ, 2032 ಅಂತ ಇರುತ್ತಲ್ಲ, ಅದನ್ನ ಲೋಹದ ಚಿಮ್ಮಟದಲ್ಲಿ ಮೇಲೆ ಕೆಳಗೆ ಸೇರಿಸಿ ಹಿಡೀಬೇಡಿ, ಪ್ಲಸ್ಸು ಮೈನಸ್ಸು ಎರಡೂ ಸೇರಿ ಶಾರ್ಟ್ ಆಗುತ್ತೆ. ಅದಕ್ಕೂ ಪ್ಲಾಸ್ಟಿಕ್ ಪಿಕ್ಕೇ ಸರಿ.

ಕೀ ರಿಂಗಿಗೆ ಪಿಕ್ ಆಗಲ್ಲ, ಬಗ್ಗಿಹೋಗುತ್ತೆ, ಒಂದು ಹಾಗೇ ಮುರಿದೆ. ಅದಕ್ಕೆ ಮದ್ದು ಆಫೀಸಲ್ಲೇ ಇತ್ತು, ಸ್ಟೇಪಲ್ ಪಿನ್ ಕೀಳೋದು, ಹಾವಿನ ಬಾಯಿ ಥರ ಹಲ್ಲು ಇರುತ್ತಲ್ಲ, ಅದು. ರಿಂಗಿನ ಎರಡು ಸುತ್ತು ಸೇರೋ ಜಾಗಕ್ಕೆ ಹಲ್ಲು ಕೂರಿಸಿ ಒತ್ತಿದ್ರೆ ಸಂದಿ ಬಿಚ್ಕೊಳ್ಳುತ್ತೆ, ಇನ್ನೊಂದು ಕೈಲಿ ಕೀ ತೂರಿಸೋದು. ಎರಡು ವರ್ಷ ಇದು ನನ್ನ ಡ್ರಾಯರಲ್ಲೇ ಬಿದ್ದಿತ್ತು, ನಾನು ಹೇರ್‌ಪಿನ್ನು, ಸೇಫ್ಟಿಪಿನ್ನು, ಕೊನೆಗೆ ಹಲ್ಲು ಎಲ್ಲಾ ಉಪಯೋಗಿಸಿ ಮುಗಿಸಿದ್ದೆ.

ಓಲೆ ತಿರುಪು ಕೇಳ್ತೀರಾ? ಬಿಗಿಯಾದ್ರೆ ಚಿಮ್ಮಟ ಹಾಕ್ಬೇಡಿ, ಚಿನ್ನದ ಮೇಲೆ ಗೀರು ಬೀಳುತ್ತೆ. ಬ್ಯಾಂಕಲ್ಲಿ ನೋಟ್ ಎಣಿಸೋರು ಬೆರಳಿಗೆ ಹಾಕ್ಕೊಳ್ತಾರಲ್ಲ ರಬ್ಬರ್ ಟೋಪಿ, ಸ್ಟೇಷನರಿ ಅಂಗಡಿಲಿ ಚಿಲ್ಲರೆ ಕಾಸಿಗೆ ಸಿಗುತ್ತೆ, ಹೆಬ್ಬೆರಳಿಗೊಂದು ತೋರುಬೆರಳಿಗೊಂದು ಹಾಕ್ಕೊಂಡು ತಿರುಗಿಸಿದ್ರೆ ಬರುತ್ತೆ, ಇಲ್ಲಿ ಬೇಕಾಗಿರೋದು ಹಿಡಿತ, ಚೂಪಲ್ಲ. (ಹೌದು, ಇದೂ ಟೋಪಿನೇ. ಆದ್ರೆ ಇದು ತೆಳು.) ಮೂಗುಬೊಟ್ಟಿಗೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ, ಅಕ್ಕಸಾಲಿಗರ ಹತ್ರಾನೇ ಹೋಗ್ತೀನಿ.

ನನ್ನ ಚಿಕ್ಕಮ್ಮನ ಮಗಳು ನರ್ಸು, ಅವ್ಳಿಗೂ ಒಂದು ಪಿಕ್ ಕೊಟ್ಟೆ. ಅವ್ರಿಗೆ ಉಗುರು ಬಿಡೋ ಹಾಗೇ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಗೈಡ್‌ಲೈನಲ್ಲೇ ಉಗುರಿನ ತುದಿ ಅರ್ಧ ಸೆಂಟಿಮೀಟರಿಗಿಂತ ಕಮ್ಮಿ ಇರ್ಬೇಕು ಅಂತಿದೆ. ಪ್ಲಾಸ್ಟರ್ ಟೇಪಿನ ತುದಿ ಹುಡುಕೋದೇ ದಿನಾ ಒಂದು ಡ್ಯೂಟಿ ಆಗಿತ್ತಂತೆ, ಈಗ ಪ್ರತಿ ಸಲ ಟೇಪ್ ಹರಿದ್ಮೇಲೆ ತುದಿನ ಚೂರು ಮಡಚಿ ಇಡ್ತಾಳೆ, ಪಿಕ್ಕೂ ಬೇಡ ನಿಂದು ಅಂದ್ಳು. ಸರಿ, ಒಪ್ಕೊಂಡೆ.

ಹಾ, ಉಗುರಿಲ್ಲದೇ ಇರೋದೇ ಒಳ್ಳೇದು ಅನ್ನೋ ಕೆಲಸ ಒಂದಿದೆ. ರಾತ್ರಿ ನೆನೆಸಿದ ಅವರೆಕಾಳು ಹಿತುಕೋದು. ಎರಡು ಬೆರಳ ಮಧ್ಯ ಇಟ್ಟು ಒತ್ತಿದ್ರೆ ಬೇಳೆ ಪುಸಕ್ ಅಂತ ಹಾರಿ ಪಾತ್ರೆಗೆ ಬೀಳುತ್ತೆ, ಉಗುರಿದ್ದೋರದ್ದು ಅಲ್ಲಲ್ಲೇ ಚುಚ್ಚಿ ಚೂರಾಗುತ್ತೆ. ಆ ನೇಲ್ ಪಾಲಿಶ್ ಸೊಸೆ ನಮ್ಮನೇಲಿ ಕೂತು ಹಿತುಕಿದ ಬೇಳೆಯೆಲ್ಲ ಅರ್ಧಂಬರ್ಧ, ನಂದು ಒಂದೊಂದೂ ಇಡೀ. ಅಮ್ಮ ಎರಡೂ ಪಾತ್ರೆ ನೋಡಿ, ಮೊರ ವಾಪಸ್ ನನ್ನ ಕಡೆ ತಳ್ಳಿದ್ರು.

ಐದು ಪಿಕ್ಕಲ್ಲಿ ಈಗ ಉಳಿದಿರೋದು ಒಂದೇ. ಒಂದು ಮುರಿದೆ, ಒಂದು ತಂಗಿಗೆ ಹೋಯ್ತು, ಒಂದು ಮಗ ಎತ್ಕೊಂಡು ಗಿಟಾರ್ ಕಲೀತೀನಿ ಅಂತಿದಾನೆ. ಇನ್ನೊಂದರಲ್ಲಿ ಅಮ್ಮ ದೋಸೆ ಕಾವಲಿಯ ಅಂಚು ಕೆರೀತಿದಾರೆ, ಅದು ಕರಗುತ್ತಮ್ಮಾ ಅಂದ್ರೆ ತಣ್ಣಗಾದ್ಮೇಲೆ ತಾನೆ ಕೆರೆಯೋದು ಅಂತಾರೆ. ಈ ಶನಿವಾರ ಕ್ಲಾಸ್ ಮುಗಿಸ್ಕೊಂಡು ಮತ್ತೆ ಚಿಕ್ಕಪೇಟೆಗೆ ಹೋಗ್ತೀನಿ, ಈ ಸಲ ಹತ್ತು.